‘ಆಗಲ್ಲ’ ಅನ್ನುವವರಿಗೆ ಬರೆಯುವುದು: ಒಂಬತ್ತನೇ ತರಗತಿಯ ಶನಿವಾರಗಳು

ಜೂನ್ ಕೊನೆ

ಈ ವರ್ಷ ಒಂಬತ್ತನೇ ತರಗತಿಯ ಶನಿವಾರದ ಕೊನೆಯ ಪಿರಿಯಡ್ಡನ್ನು ಬರವಣಿಗೆಗೆಂದೇ ಎತ್ತಿಟ್ಟಿದ್ದೇನೆ. ಕಥೆ, ಕವನ, ಪ್ರಬಂಧ ಯಾವುದೂ ಅಲ್ಲ. ಒಬ್ಬರ ಮನಸ್ಸು ಒಲಿಸುವಂತೆ ಬರೆಯುವುದು ಹೇಗೆ, ಅಷ್ಟೇ. ಹೆಡ್‌ಮಾಸ್ಟರು “ಪೋರ್ಷನ್ ಮುಗೀತಾ ಇದ್ದರೆ ಏನು ಬೇಕಾದ್ರೂ ಮಾಡ್ಕೊಳ್ಳಿ ಮೇಡಂ” ಅಂದಿದ್ದಾರೆ. ಅದನ್ನು ಒಪ್ಪಿಗೆ ಅಂತಲೇ ತಿಳಿದುಕೊಂಡಿದ್ದೇನೆ.

ಇದು ಮಕ್ಕಳಿಗೆ ಹೊಸದೇನಲ್ಲ ಅಂತ ಯಾರಾದರೂ ಹೇಳಬಹುದು. ಮನವಿ ಪತ್ರ ಪಠ್ಯದಲ್ಲೇ ಇದೆ, ಪ್ರತಿಭಾ ಕಾರಂಜಿಯಲ್ಲಿ ಚರ್ಚಾ ಸ್ಪರ್ಧೆ ಇದೆ. ಆದರೆ ಅಲ್ಲಿ ಯಾರ ಮನಸ್ಸನ್ನು ಒಲಿಸಬೇಕು? ಪರೀಕ್ಷೆಯ ಪತ್ರವನ್ನು ಓದುವುದು ಮೌಲ್ಯಮಾಪಕರು. ಅವರಿಗೆ ಬಸ್ಸು ಬಿಡುವ ಅಧಿಕಾರವಿಲ್ಲ, ಅಂಕ ಕೊಡುವ ಅಧಿಕಾರವಿದೆ. ವಿಳಾಸಕ್ಕಿಷ್ಟು, ವಿಷಯಕ್ಕಿಷ್ಟು, ಸಹಿಗಿಷ್ಟು. ಚರ್ಚಾ ಸ್ಪರ್ಧೆಯಲ್ಲಿ ‘ಮೊಬೈಲ್ ವರವೋ ಶಾಪವೋ’ ಅಂತ ಮೇಷ್ಟ್ರು ಬರೆದುಕೊಟ್ಟದ್ದನ್ನು ಮಗು ಕಂಠಪಾಠ ಮಾಡಿ ಒಪ್ಪಿಸುತ್ತದೆ. ವಿರೋಧ ಮಾತಾಡುವವನು ಏನು ಹೇಳಿದ ಅನ್ನುವುದು ಇವನಿಗೆ ಬೇಕಾಗಿಯೇ ಇಲ್ಲ.

ಮೊದಲ ಶನಿವಾರ ಏನೂ ಹೇಳಿಕೊಡದೆ, ಡಿಪೋ ವ್ಯವಸ್ಥಾಪಕರಿಗೆ ಒಂದು ಪತ್ರ ಬರೆಯಿರಿ ಅಂದೆ. ನಮ್ಮ ಶಾಲೆಗೆ ಸುತ್ತಲಿನ ಹಳ್ಳಿಗಳಿಂದ ಬರುವ ಮಕ್ಕಳಿಗೆ ಬಸ್ಸಿನ ಗೋಳು ನಿಜವಾದದ್ದೇ. ಬಂದ ಪತ್ರಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೀಗಿದ್ದವು:

“ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಊರಿಗೆ ಸರಿಯಾದ ಬಸ್ಸಿನ ಸೌಕರ್ಯ ಇರುವುದಿಲ್ಲ. ಇದರಿಂದ ವಿದ್ಯಾರ್ಥಿಗಳಿಗೂ ವೃದ್ಧರಿಗೂ ರೋಗಿಗಳಿಗೂ ಬಹಳ ತೊಂದರೆಯಾಗುತ್ತಿದೆ. ಆದಕಾರಣ ತಾವು ದಯಮಾಡಿ ಹೆಚ್ಚಿನ ಬಸ್ಸುಗಳನ್ನು ಬಿಡಬೇಕೆಂದು ಈ ಮೂಲಕ ಕೋರುತ್ತೇನೆ.”

ತಪ್ಪಿಲ್ಲದ ಪತ್ರ. ಊರಿನ ಹೆಸರು ಬದಲಿಸಿದರೆ ಬೀದರಿನಿಂದ ಚಾಮರಾಜನಗರದವರೆಗೆ ಯಾವ ಡಿಪೋಗಾದರೂ ಕಳಿಸಬಹುದು. ತೊಂದರೆಯೇ ಅದು.

ಜುಲೈ

ಮಳೆ ಹಿಡಿದಿದೆ. ಜಿಲ್ಲಾಧಿಕಾರಿಗಳು ರಜೆ ಘೋಷಿಸಿದಾಗಲೆಲ್ಲ ನನ್ನ ಶನಿವಾರಕ್ಕೆ ಕತ್ತರಿ ಬೀಳುತ್ತದೆ.

ಸಿಕ್ಕಷ್ಟು ಹೊತ್ತಿನಲ್ಲಿ ಒಂದು ಆಟ ಶುರು ಮಾಡಿದ್ದೇನೆ. ಮಕ್ಕಳು ಅದಕ್ಕೆ ‘ಆಗಲ್ಲ ಆಟ’ ಅಂತ ಹೆಸರಿಟ್ಟಿದ್ದಾರೆ. ಮುಂದೆ ಒಂದು ಕುರ್ಚಿ. ಅದರಲ್ಲಿ ಕೂತವರು ಡಿಪೋ ಸಾಹೇಬರು. ಯಾರು ಏನು ಕೇಳಿದರೂ ಅವರು “ಆಗಲ್ಲ” ಅನ್ನಲೇಬೇಕು, ಆದರೆ ಕಾರಣ ಕೊಟ್ಟೇ ಅನ್ನಬೇಕು. ‘ಸಾಹೇಬರು ಕೆಟ್ಟವರು’ ಅನ್ನುವುದು ಕಾರಣವಲ್ಲ.

ಮೊದಮೊದಲು ಕುರ್ಚಿಯಲ್ಲಿ ಕೂತವರೆಲ್ಲ ಮೀಸೆ ತಿರುವಿ ಗದರಿಸುವುದರಲ್ಲೇ ಕಳೆದರು. ಆಮೇಲೆ ಕಾರಣಗಳು ಒಂದೊಂದಾಗಿ ಹೊರಬಂದವು: ಗಾಡಿ ಇಲ್ಲ, ಡ್ರೈವರ್ ಇಲ್ಲ, ನಿಮ್ಮ ರೂಟಲ್ಲಿ ಕಲೆಕ್ಷನ್ ಇಲ್ಲ, ಮೇಲಿಂದ ಆದೇಶ ಬರಬೇಕು. ಒಬ್ಬ ಹುಡುಗನ ಮಾವ ಬಸ್ ಡ್ರೈವರ್. ಅವನು ಕುರ್ಚಿಯಲ್ಲಿ ಕೂತಾಗ ಆಟದ ರಂಗೇ ಬದಲಾಯಿತು. “ಬೆಳಿಗ್ಗೆ ಮೊದಲ್ನೇ ಬಸ್ಸು ನೈಟ್ ಹಾಲ್ಟ್ ಗಾಡಿ. ರಾತ್ರಿ ಬಂದು ಆ ಊರಲ್ಲೇ ನಿಂತಿರತ್ತೆ. ಇನ್ನೂ ಬೇಗ ಹೊರಡ್ಸಿ ಅಂದ್ರೆ ಡ್ರೈವರ್ ನಿದ್ದೆ ಮಾಡೋದು ಯಾವಾಗ? ನಿಮ್ಮನ್ನೆಲ್ಲ ಕೆರೆಗೆ ಹಾಕ್ಲಾ?” ಅಂದ. ಇಡೀ ತರಗತಿ ಸುಮ್ಮನಾಯಿತು.

ಅವತ್ತಿನಿಂದ ನೋಟ್‌ಬುಕ್ಕಿನ ಹಾಳೆಯನ್ನು ಉದ್ದಕ್ಕೆ ಮಡಚಿ ಎರಡು ಕಾಲಂ. ಎಡಕ್ಕೆ ‘ಅವರು ಹೇಳೋದು’, ಬಲಕ್ಕೆ ‘ನಾವು ಹೇಳೋದು’. ಎಡ ತುಂಬದೆ ಬಲಕ್ಕೆ ಪೆನ್ನು ಇಡುವಂತಿಲ್ಲ. ಬಿ.ಇಡಿ.ಯಲ್ಲಿ ನಮಗೆ ಹೇಳಿಕೊಟ್ಟದ್ದು ನಿಮ್ಮ ಅಭಿಪ್ರಾಯ ಹೇಳಿ, ಮೂರು ಕಾರಣ ಕೊಡಿ, ಉಪಸಂಹಾರ ಮಾಡಿ ಅಂತ. ಆ ಕ್ರಮದಲ್ಲಿ ಎದುರಿನ ಮನುಷ್ಯ ಬರುವುದೇ ಇಲ್ಲ. ಹಳೆಯ ಶಾಸ್ತ್ರಗ್ರಂಥ ಬರೆದವರು ಪೂರ್ವಪಕ್ಷ ಅಂತ ಎದುರಾಳಿಯ ವಾದವನ್ನು ಮೊದಲಿಟ್ಟು, ಆಮೇಲೆ ತಮ್ಮ ಸಿದ್ಧಾಂತಕ್ಕೆ ಬರುತ್ತಿದ್ದರಲ್ಲ, ಹೈಸ್ಕೂಲು ಮಕ್ಕಳಿಗೂ ಅದೇ ಸರಿ ಅನ್ನಿಸುತ್ತಿದೆ.

ಆಗಸ್ಟ್ ಮೊದಲ ಭಾಗ

ನಮ್ಮ ಕಡೆ ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಿರುತ್ತದೆ, ತಾಳಮದ್ದಳೆಯ ಹಂಗಾಮು ಶುರುವಾಗಿರುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಿಗೆ ಮಾತು ಜೋಡಿಸಿ ವಾದಿಸುತ್ತಾರೆ. ಬಾಯಿಪಾಠದ ಮಾತಲ್ಲ, ಆ ಕ್ಷಣಕ್ಕೆ ಹುಟ್ಟುವ ಮಾತು. ಮನವೊಲಿಕೆಯ ಇಂಥದೊಂದು ಶಾಲೆ ಊರಲ್ಲೇ ಇರುವಾಗ ನಾನು ಬೋರ್ಡಿನ ಮೇಲೆ ಸೂತ್ರ ಬರೆಯುವುದೇಕೆ ಅಂತ, ಹವ್ಯಾಸಕ್ಕೆ ಅರ್ಥ ಹೇಳುವ ಹತ್ತಿರದ ಊರಿನ ಹಿರಿಯರೊಬ್ಬರನ್ನು ಶಾಲೆಗೆ ಕರೆದೆ.

ಅವರು ವಾಲಿವಧೆ ಎತ್ತಿಕೊಂಡರು. ಬಾಣ ನಾಟಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ಎದುರು ನಿಂತು ಯುದ್ಧ ಮಾಡದೆ ಮರೆಯಲ್ಲಿ ನಿಂತು ಹೊಡೆದೆಯಲ್ಲ, ನಿನಗೂ ನನಗೂ ವೈರವೇನಿತ್ತು? ಮೊದಲು ತಾವೇ ವಾಲಿಯಾಗಿ ಮಾತಾಡಿದರು. ಮಕ್ಕಳೆಲ್ಲ ವಾಲಿಯ ಕಡೆ ವಾಲಿದರು. ಆಮೇಲೆ ರಾಮನಾದರು. ರಾಮ ಬಾಯಿ ಬಿಟ್ಟವನು ತಕ್ಷಣ ತನ್ನ ಸಮರ್ಥನೆಗೆ ಇಳಿಯಲಿಲ್ಲ. “ಮರೆಯಿಂದ ಹೊಡೆದೆ ಎಂಬುದು ನಿನ್ನ ಆಕ್ಷೇಪ. ಅದು ಸಣ್ಣ ಆಕ್ಷೇಪವಲ್ಲ. ನನ್ನ ವಂಶದ ಹೆಸರಿಗೇ ತಗಲುವ ಆಕ್ಷೇಪ” ಅಂತ ವಾಲಿಯ ಮಾತನ್ನು ವಾಲಿಗಿಂತ ಗಟ್ಟಿಯಾಗಿ ಕಟ್ಟಿ ಮುಂದಿಟ್ಟರು. ಅದಾದ ಮೇಲೆ ವಾಲಿ ತನ್ನ ತಮ್ಮ ಸುಗ್ರೀವನ ಹೆಂಡತಿಯನ್ನು ಕಸಿದುಕೊಂಡ ವಿಷಯ ತೆಗೆದರು.

ಹಿಂದಿನ ಬೆಂಚಿನ ಒಬ್ಬ, ಬರೆಯುವುದೆಂದರೆ ಮೈಮೇಲೆ ಮುಳ್ಳು ಏಳುವವನು, ಎದ್ದು ನಿಂತು “ಅಜ್ಜ, ನೀವು ಸೋತ್ರೆ ಏನ್ ಮಾಡ್ತೀರಿ?” ಅಂತ ಕೇಳಿದ. ಪ್ರಸಂಗದಲ್ಲಿ ಯಾರು ಗೆಲ್ಲುತ್ತಾರೆ ಅನ್ನುವುದು ಮೊದಲೇ ಗೊತ್ತಿರುತ್ತಲ್ಲ, ಆದರೂ ಮಾತಲ್ಲಿ ಸೋಲುವುದುಂಟು, ಸೋತ ರಾತ್ರಿ ನಿದ್ದೆ ಬರುವುದಿಲ್ಲ ಅಂದರು. ಹುಡುಗರಿಗೆ ಅದು ಬಹಳ ಹಿಡಿಸಿತು.

ಆಗಸ್ಟ್ ಕೊನೆ

ಜಗಳ ಹತ್ತಿತು. ಒಬ್ಬ ಹುಡುಗ ತನ್ನ ಕರಡಿನಲ್ಲಿ ಹೀಗೆ ಬರೆದಿದ್ದ: “ಹೆಂಗಸರಿಗೆ ಫ್ರೀ ಮಾಡಿದ ಮೇಲೆ ಬಸ್ಸು ತುಂಬಿ ವಿದ್ಯಾರ್ಥಿಗಳಿಗೆ ಜಾಗವಿಲ್ಲ. ಆದ್ದರಿಂದ ಬೆಳಗಿನ ಹೊತ್ತು ಉಚಿತ ಪ್ರಯಾಣ ನಿಲ್ಲಿಸಬೇಕು.” ಗಂಡುಮಕ್ಕಳ ಸಾಲಿನಿಂದ ಚಪ್ಪಾಳೆ. ಹೆಣ್ಣುಮಕ್ಕಳ ಸಾಲಿನಿಂದ ಒಬ್ಬಳು ಎದ್ದಳು. “ನಮ್ಮಮ್ಮ ಅದೇ ಬಸ್ಸಲ್ಲಿ ಕೆಲಸಕ್ಕೆ ಹೋಗೋದು. ಟಿಕೆಟ್ ದುಡ್ಡು ಉಳ್ದಿದ್ದಕ್ಕೇ ನಂಗೆ ಈ ವರ್ಷ ಹೊಸ ಬ್ಯಾಗ್ ಬಂದಿದ್ದು. ನಿಲ್ಸಿ ಅಂತ ಬರೀತೀಯಾ?”

ನಾನು ತೀರ್ಪು ಕೊಡಲಿಲ್ಲ. ಕುರ್ಚಿಯಲ್ಲಿದ್ದ ‘ಸಾಹೇಬ’ರಿಗೇ ಬಿಟ್ಟೆ. ಅವತ್ತು ಸಾಹೇಬರಾಗಿ ಕೂತಿದ್ದ ಹುಡುಗಿ ಸ್ವಲ್ಪ ಯೋಚಿಸಿ, “ಅದು ನನ್ನ ಕೈಲಿಲ್ಲ, ಆಗಲ್ಲ” ಅಂದಳು. ಸರಿಯಾದ ಉತ್ತರ. ಶಕ್ತಿ ಯೋಜನೆ 2023ರ ಜೂನ್ 11ರಂದು ರಾಜ್ಯ ಸರ್ಕಾರ ಜಾರಿಗೆ ತಂದದ್ದು. ಅದನ್ನು ನಿಲ್ಲಿಸಿ ಅಂತ ಡಿಪೋಗೆ ಬರೆದರೆ ಪತ್ರ ಕಸದ ಬುಟ್ಟಿಗೆ ಹೋಗಲು ಅಷ್ಟು ಸಾಕು. ಹುಡುಗ ಆ ವಾಕ್ಯ ಹೊಡೆದುಹಾಕಿದ. ಒಪ್ಪಿ ಅಲ್ಲ, ವಿಳಾಸ ತಪ್ಪು ಅಂತ. ಸದ್ಯಕ್ಕೆ ನನಗೆ ಅಷ್ಟೇ ಬೇಕಿತ್ತು.

ಇಲ್ಲಿಂದ ಮುಂದಿನದು ನಾನು ಹೇಳಿಕೊಟ್ಟದ್ದಲ್ಲ. ಬ್ಯಾಗಿನ ಹುಡುಗಿ ತನ್ನ ಹಾಳೆಯ ಎಡಕ್ಕೆ ‘ಕಲೆಕ್ಷನ್ ಬರಲ್ಲ’ ಅಂತ ಬರೆದಿದ್ದಳು. ಬಲಕ್ಕೆ ಬರೆದದ್ದು: “ಹೆಂಗಸರಿಗೂ ಶೂನ್ಯ ಟಿಕೆಟ್ ಹರಿದುಕೊಡುತ್ತಾರೆ. ಆ ಟಿಕೆಟ್ಟಿನ ಲೆಕ್ಕದ ಮೇಲೆ ಸರ್ಕಾರ ದುಡ್ಡು ಕೊಡುತ್ತದೆ. ಹಾಗಾದರೆ ನಮ್ಮ ಬಸ್ಸು ತುಂಬಿದ್ದು ನಷ್ಟ ಹೇಗೆ?” ಯಾವುದನ್ನು ಇಡೀ ತರಗತಿ ತೊಂದರೆ ಅಂದುಕೊಂಡಿತ್ತೋ ಅದನ್ನೇ ಎತ್ತಿ ತನ್ನ ಕಡೆಯ ಸಾಕ್ಷಿ ಮಾಡಿಕೊಂಡಳು. ನಾನು ಸ್ಟಾಫ್ ರೂಮಿಗೆ ಬಂದು ಎಲ್ಲರಿಗೂ ಓದಿ ಹೇಳಿದೆ. ಗಣಿತದ ಮೇಷ್ಟ್ರು “ಇವಳು ನನ್ನ ಪೇಪರ್‌ನಲ್ಲಿ ಇಷ್ಟು ಬರೆಯಲ್ಲವಲ್ಲ” ಅಂತ ಬೇಜಾರು ಮಾಡಿಕೊಂಡರು.

ಸೆಪ್ಟೆಂಬರ್

ಪರೀಕ್ಷೆಗೆ ಮೊದಲು ಪತ್ರ ಮುಗಿಯಿತು. ಇಡೀ ತರಗತಿ ಸೇರಿ ಒಂದೇ ಪತ್ರ. ನಡುವಿನ ಭಾಗ ಹೀಗಿದೆ:

“ಬೆಳಿಗ್ಗೆ 8.10ರ ಬಸ್ಸು ನಮ್ಮ ಸ್ಟಾಪಿಗೆ ಬರುವಾಗಲೇ ಬಾಗಿಲವರೆಗೆ ತುಂಬಿರುತ್ತದೆ. ‘ಹಿಂದೆ ಇನ್ನೊಂದು ಬರ್ತಿದೆ’ ಎಂದು ಹೇಳಿ ನಿಲ್ಲಿಸದೆ ಹೋಗುತ್ತಾರೆ. ಹಿಂದಿನ ಬಸ್ಸು ಬರುವುದು 9.40ಕ್ಕೆ. ಅದರಲ್ಲಿ ಬಂದರೆ ಶಾಲೆ ಮುಟ್ಟುವುದು 10.20ಕ್ಕೆ, ಮೊದಲನೇ ಪಿರಿಯಡ್ ಆಗ ಅರ್ಧ ಮುಗಿದಿರುತ್ತದೆ. ತಮ್ಮಲ್ಲಿ ಗಾಡಿಗಳೂ ಚಾಲಕರೂ ಕಡಿಮೆ ಇರುವುದು ನಮಗೆ ತಿಳಿದಿದೆ, ಆದ್ದರಿಂದ ಹೊಸ ಬಸ್ಸು ಕೇಳುತ್ತಿಲ್ಲ. ಎರಡನೇ ಬಸ್ಸು ಕೊನೆಯ ಊರಿಗೆ 8.35ಕ್ಕೆ ಬಂದು 9.25ರವರೆಗೆ ನಿಂತಿರುತ್ತದೆ. ಅದನ್ನು 8.55ಕ್ಕೆ ಹೊರಡಿಸಿದರೆ ನಾವು ಪ್ರಾರ್ಥನೆಗೆ ಮೊದಲೇ ಶಾಲೆಯಲ್ಲಿರುತ್ತೇವೆ. ಚಾಲಕರಿಗೂ ನಿರ್ವಾಹಕರಿಗೂ ತಿಂಡಿಗೆ ಇಪ್ಪತ್ತು ನಿಮಿಷ ಉಳಿಯುತ್ತದೆ.”

ತಿಂಡಿಯ ವಾಕ್ಯ ತೆಗೆಯಿರಿ, ಗಂಭೀರವಾಗಿ ಕಾಣಲ್ಲ ಅಂತ ಸಹೋದ್ಯೋಗಿಯೊಬ್ಬರು ಸೂಚಿಸಿದರು. ಮಕ್ಕಳು ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಬಸ್ಸು ಅಲ್ಲಿ ಐವತ್ತು ನಿಮಿಷ ನಿಲ್ಲುವುದು ಯಾಕೆ ಅಂತ ಆ ಊರಿನ ಹುಡುಗರು ಹೋಟೆಲಿನ ಹತ್ತಿರ ನಿಂತು ನೋಡಿಕೊಂಡು ಬಂದಿದ್ದರು. ಇಡೀ ಪತ್ರದಲ್ಲಿ ಡಿಪೋದವರಿಗೆ ‘ಇವರಿಗೆ ನಮ್ಮ ಕಷ್ಟ ಗೊತ್ತು’ ಅನ್ನಿಸುವುದು ಆ ಸಾಲಿನಲ್ಲೇ.

ಹೆಡ್‌ಮಾಸ್ಟರ ಒಕ್ಕಣೆ ಲಗತ್ತಿಸಿ ಕೈಯಲ್ಲೇ ಕೊಟ್ಟುಬಂದೆವು. ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಬಿತ್ತು.

ನವೆಂಬರ್

ದಸರಾ ರಜೆ, ಅದರ ಬೆನ್ನಿಗೇ ಅಡಿಕೆ ಕೊಯ್ಲು. ತರಗತಿಯಲ್ಲಿ ಬೆಂಚು ಖಾಲಿ. ಕೆಲಸ ನಿಧಾನ.

ಡಿಪೋದಿಂದ ಉತ್ತರ ಬಂದಿಲ್ಲ. 9.40ರ ಬಸ್ಸು 9.40ಕ್ಕೇ ಬರುತ್ತಿದೆ. 8.10ರದ್ದು ಮಾತ್ರ ಈಗ ನಿಲ್ಲುತ್ತಿದೆಯಂತೆ. ಅದು ಪತ್ರದ ಫಲವೋ, ಶುಂಠಿ ಗದ್ದೆಯ ಕೆಲಸದವರು ಕಡಿಮೆಯಾದದ್ದಕ್ಕೋ, ಹೊಸ ಕಂಡಕ್ಟರೋ, ಮಕ್ಕಳಲ್ಲೇ ಮೂರು ಪಂಗಡ.

ಮಕ್ಕಳ ಗ್ರಾಮಸಭೆಗೆ ಇನ್ನೊಂದು ಬೇಡಿಕೆ ಸಿದ್ಧ ಮಾಡಿದರು. ಪಂಚಾಯಿತಿ ಗ್ರಂಥಾಲಯ ತೆರೆದಿರುವ ಹೊತ್ತಿನಲ್ಲಿ ಇವರು ಶಾಲೆಯಲ್ಲಿರುತ್ತಾರೆ, ಶಾಲೆ ಬಿಟ್ಟಾಗ ಅದಕ್ಕೆ ಬೀಗ. 2020ರ ಮಕ್ಕಳ ದಿನದಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿದ್ದಾರೆ. ಕಾರ್ಡು ಇದೆ, ಪುಸ್ತಕ ಮುಟ್ಟಲು ಹೊತ್ತಿಲ್ಲ ಅನ್ನುವುದು ಇವರ ವಾದ. ಎಡದ ಕಾಲಂ ಈಗ ನಾನು ಹೇಳದೆಯೇ ತುಂಬುತ್ತದೆ: ‘ಮೇಲ್ವಿಚಾರಕರನ್ನ ಹೆಚ್ಚು ಹೊತ್ತು ದುಡಿಸೋಕಾಗಲ್ಲ.’ ಹಾಗಾಗಿ ಹೆಚ್ಚು ಹೊತ್ತು ಕೇಳಲಿಲ್ಲ. ವಾರಕ್ಕೆರಡು ದಿನ ಬೆಳಿಗ್ಗೆ ತಡವಾಗಿ ತೆಗೆದು ಸಂಜೆ ತಡವಾಗಿ ಮುಚ್ಚಿ ಅಂದರು. ಪಿಡಿಒ ಅಲ್ಲೇ ಒಪ್ಪಿದರು. ಮೇಲ್ವಿಚಾರಕರೂ ಸಭೆಯಲ್ಲಿದ್ದದ್ದು ಒಳ್ಳೆಯದಾಯಿತು.

ಡಿಸೆಂಬರ್

ಶಾಲಾ ಪ್ರವಾಸದ ಕಾಲ. ಈ ಸಲ ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಮನೆಯಲ್ಲಿ ‘ಬೇಡ’ ಅನ್ನಿಸಿಕೊಂಡ ಕೆಲವು ಹೆಣ್ಣುಮಕ್ಕಳು ಅಪ್ಪನಿಗೇ ಪತ್ರ ಬರೆಯುತ್ತೇವೆ ಅಂದರು. ಕಚೇರಿಗೆ ಬರೆಯುವುದಕ್ಕಿಂತ ಇದು ಕಷ್ಟ. ಅಲ್ಲಿ ‘ಮಾನ್ಯರೇ’ ಅನ್ನುವ ಒಂದು ತಡಿಕೆಯಾದರೂ ಅಡ್ಡ ಇರುತ್ತದೆ. ಇದನ್ನು ತರಗತಿಯಲ್ಲಿ ಜೋರಾಗಿ ಓದಿಸಲಿಲ್ಲ. ಒಬ್ಬಳು ಮಾತ್ರ ತನ್ನದನ್ನು ತಂದು ತೋರಿಸಿದಳು, ಇಲ್ಲಿ ಹಾಕಲು ಅವಳ ಒಪ್ಪಿಗೆ ಇದೆ.

ಮೊದಲ ಕರಡಿನಲ್ಲಿ ‘ಎಲ್ಲರೂ ಹೋಗುತ್ತಿದ್ದಾರೆ’ ಅಂತ ಇತ್ತು. ತಾನೇ ಹೊಡೆದುಹಾಕಿದ್ದಳು. “ಎಲ್ಲರೂ ಬಾವಿಗೆ ಬಿದ್ರೆ ನೀನೂ ಬೀಳ್ತೀಯಾ ಅಂತಾರೆ ಮಿಸ್.” ಕೊನೆಯದು ಹೀಗಿತ್ತು:

“ಅಪ್ಪಾ, ನೀನು ಬೇಡ ಅನ್ನೋದು ದುಡ್ಡಿಗಲ್ಲ, ಹೆದರಿಕೆಗೆ ಅಂತ ನಂಗೊತ್ತು. ಕನ್ನಡ ಮಿಸ್ಸೂ ಪಿಟಿ ಮಿಸ್ಸೂ ನಮ್ಮ ಜೊತೆಗೇ ಮಲಗ್ತಾರೆ. ರಾತ್ರಿ ಎಂಟಕ್ಕೆ ಮಿಸ್ ಫೋನಿಂದ ಮಾಡ್ತೀನಿ, ಆ ನಂಬರ್ ಕೆಳಗೆ ಬರ್ದಿದೀನಿ. ಈಗ್ಲೇ ಫೋನ್ ಮಾಡಿ ಕೇಳ್ಬಹುದು. ಇಷ್ಟರ ಮೇಲೂ ಬೇಡ ಅಂದ್ರೆ ಯಾಕೆ ಅಂತ ಹೇಳು, ಸಿಟ್ಟು ಮಾಡ್ಕೊಳಲ್ಲ.”

ಆ ಅಪ್ಪ ನಿಜವಾಗಿಯೂ ಫೋನ್ ಮಾಡಿದರು. ಬಸ್ಸಿನ ಡ್ರೈವರು ಕುಡಿಯುತ್ತಾರಾ ಅಂತ ಕೇಳಿದರು. ಒಪ್ಪಿಗೆ ಪತ್ರಕ್ಕೆ ಸಹಿ ಬಂತು. ಇನ್ನೊಬ್ಬಳ ಪತ್ರ ಇದಕ್ಕಿಂತ ಚೆನ್ನಾಗಿತ್ತಂತೆ, ಅವಳ ಗೆಳತಿಯರು ಹೇಳುತ್ತಾರೆ. ಅವಳ ಮನೆಯಲ್ಲಿ ಕಳಿಸಲಿಲ್ಲ. ಅವಳು ಮುಂದಿನ ಎರಡು ಶನಿವಾರ ಏನೂ ಬರೆಯಲಿಲ್ಲ, ನಾನೂ ಬರೆ ಅನ್ನಲಿಲ್ಲ.

ಜನವರಿ

ಈಗ ಉಲ್ಟಾ ಕೆಲಸ. ನಮ್ಮ ಮನಸ್ಸು ಒಲಿಸಲು ಬೇರೆಯವರು ಬರೆದದ್ದನ್ನು ತಂದು ಬಿಡಿಸಿ ನೋಡುವುದು. ‘30 ದಿನದಲ್ಲಿ ಇಂಗ್ಲಿಷ್ ಮಾತಾಡಿ’ ಅನ್ನುವ ಕರಪತ್ರ, ಮುಖ ಬೆಳ್ಳಗಾಗಿಸುವ ಕ್ರೀಮಿನ ಡಬ್ಬಿ, ಮನೆಯವರ ವಾಟ್ಸಾಪಿಗೆ ಬಂದ ಫಾರ್ವರ್ಡು, ಅದರ ಕೊನೆಗೆ ‘ತಪ್ಪದೇ ಹತ್ತು ಜನರಿಗೆ ಕಳಿಸಿ’. ಫಾರ್ವರ್ಡ್ ತಂದ ಹುಡುಗನಿಗೆ ಎಡದ ಕಾಲಂ ತುಂಬು ಅಂದೆ. ಬಹಳ ಹೊತ್ತು ಪೆನ್ನು ಕಚ್ಚಿ, “ಇದ್ರಲ್ಲಿ ‘ಅವರು ಹೇಳೋದು’ ಅಂತ ಒಂದೂ ಇಲ್ಲ ಮಿಸ್, ಬರೀ ‘ನಾವು ಹೇಳೋದೇ’ ಇದೆ” ಅಂದ.

ಮುಂದಿನ ಶನಿವಾರ ಕ್ರೀಮಿನ ಡಬ್ಬಿ. ಅದರ ಜೊತೆ ನಮ್ಮದೇ ಶಾಲೆಯ ದಾಖಲಾತಿ ಆಂದೋಲನದ ಕರಪತ್ರವನ್ನೂ ಮೇಜಿನ ಮೇಲಿಡುತ್ತೇನೆ. ಅದನ್ನು ಬರೆದವಳು ನಾನೇ ಅಂತ ಮೊದಲೇ ಹೇಳುವುದಿಲ್ಲ.