ಚೆನ್ನೈನಲ್ಲಿ ಸಿಕ್ಕ ಮೈಸೂರು ಅರಮನೆಯ ಅಣ್ಣ

ಮೈಸೂರಿನಲ್ಲಿ ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದೆ. ಹೋಗಿದ್ದು ನೆಂಟರ ಮದುವೆಗೆ, ಆರತಕ್ಷತೆ ಇದ್ದದ್ದು ಸಂಜೆ. ಎಲ್ಲರೂ ಮರೀನಾ ಬೀಚ್ ನೋಡ್ಕೊಂಡು ಬಾ ಎಂದರು. ನಾನು ಬ್ಯಾಂಕ್ ನೋಡೋಕೆ ಹೋದೆ.

ಆಟೋದವರಿಗೆ "ಎಸ್‌ಬಿಐ" ಅಂದರೆ, ಯಾವ ಎಸ್‌ಬಿಐ ಅಂತ ನಗುತ್ತಾರೆ. ಬೀದಿಗೊಂದು ಇದೆ, ಅವರದೇನು ತಪ್ಪು! ಸುಮ್ನೆ ಮೆಟ್ರೋ ಹತ್ತಿ ಹೈಕೋರ್ಟ್ ಸ್ಟೇಷನ್ನಿನಲ್ಲಿ ಇಳಿದು, ಪ್ಯಾರಿಸ್ ಕಾರ್ನರ್ ಜನಜಂಗುಳಿಯಲ್ಲಿ ನುಗ್ಗಿ ರಾಜಾಜಿ ಸಾಲೈಗೆ ಬಂದೆ. ಹಿಂದೆ ಇದರ ಹೆಸರು ಫಸ್ಟ್ ಲೈನ್ ಬೀಚ್.

ಬ್ಯಾಂಕಿನ ಮುಂದೆ ನಿಂತು ತಲೆ ಎತ್ತಿ ನೋಡಿದೆ. ಕೆಂಪು ಗೋಡೆ, ಕಮಾನಿನ ಮೇಲೆ ಕಮಾನು, ಮೇಲೆ ಗುಮ್ಮಟ. ಎಲ್ಲೋ ನೋಡಿದ ಮುಖ ಅನ್ನಿಸಿತು. ಅನ್ನಿಸಲೇಬೇಕು. ಇದನ್ನು ಕಟ್ಟಿಸಿದ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರೇ ಆಮೇಲೆ ನಮ್ಮ ಅರಮನೆಗೂ ನಕ್ಷೆ ಬರೆದದ್ದು! ಬ್ಯಾಂಕಿನ ಮೊದಲ ನಕ್ಷೆ ಮಾತ್ರ ಕರ್ನಲ್ ಸ್ಯಾಮ್ಯುಯೆಲ್ ಜೇಕಬ್ ಅವರದು, ಇರ್ವಿನ್ ಅದನ್ನು ತಿದ್ದಿದರು. ಬ್ಯಾಂಕ್ ಆಫ್ ಮದ್ರಾಸ್‌ಗಾಗಿ ಈ ಕಟ್ಟಡ ಮುಗಿದದ್ದು 1897ರಲ್ಲಿ. ಅದೇ ವರ್ಷ ಮೈಸೂರಿನಲ್ಲಿ ರಾಜಕುಮಾರಿಯ ಮದುವೆಯ ಹೊತ್ತಿಗೆ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಹೊಸದು ಮುಗಿಯುವಾಗ 1912. ಅಂದರೆ ಬ್ಯಾಂಕು ಅರಮನೆಗಿಂತ ಹದಿನೈದು ವರ್ಷ ದೊಡ್ಡದು, ಅಣ್ಣ ಅಲ್ವಾ?

ಬ್ಯಾಂಕ್ ಕಟ್ಟಿದ ಗುತ್ತಿಗೆದಾರರು ನಂಬೆರುಮಾಳ್ ಚೆಟ್ಟಿ. ದಾರಿಯಲ್ಲಿ ಸಿಕ್ಕ ಹೈಕೋರ್ಟೂ ಅವರೇ ಕಟ್ಟಿದ್ದು. ಗಣಿತಜ್ಞ ರಾಮಾನುಜನ್ 1920ರಲ್ಲಿ ಕೊನೆಯುಸಿರೆಳೆದದ್ದು ಚೆಟ್‌ಪೇಟೆಯಲ್ಲಿದ್ದ ಇದೇ ಚೆಟ್ಟಿಯವರ ಮನೆಯಲ್ಲಿ. ಬ್ಯಾಂಕಿಗೂ ಇದಕ್ಕೂ ಸಂಬಂಧವಿಲ್ಲ, ಆದರೂ ಹೇಳದೆ ಇರಲಾಗಲಿಲ್ಲ.

ಬ್ಯಾಂಕಿಗೆ ಯಾಕಪ್ಪಾ ಅರಮನೆಯ ವೇಷ? ದುಡ್ಡು ಇಡಲು ಬಂದವರಿಗೆ ಇದು ರಾತ್ರೋರಾತ್ರಿ ಓಡಿಹೋಗುವ ಅಂಗಡಿಯಲ್ಲ ಅನ್ನಿಸಬೇಕಿತ್ತು, ಅಷ್ಟೇ ಅಂತ ನನ್ನ ಲೆಕ್ಕ. ಆ ಭಯ ಸುಳ್ಳೂ ಅಲ್ಲ. ಇದೇ ರಸ್ತೆಯಲ್ಲಿದ್ದ ಬ್ರಿಟಿಷರ ಆರ್ಬತ್‌ನಾಟ್ ಕಂಪನಿ 1906ರಲ್ಲಿ ದಿವಾಳಿಯಾಗಿ ಎಷ್ಟೋ ಜನರ ಉಳಿತಾಯ ಮುಳುಗಿತು. ಆ ಪೆಟ್ಟು ತಿಂದ ಮೇಲೆಯೇ, ನಮ್ಮದೇ ಒಂದು ಬ್ಯಾಂಕ್ ಇರಲಿ ಅಂತ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಮುಂತಾದವರು 1907ರಲ್ಲಿ ಇಂಡಿಯನ್ ಬ್ಯಾಂಕ್ ಶುರು ಮಾಡಿದರು. ಬ್ಯಾಂಕ್ ಆಫ್ ಮದ್ರಾಸ್ ಮಾತ್ರ ಮುಳುಗಲಿಲ್ಲ, ಹೆಸರು ಬದಲಾಯಿಸುತ್ತಾ ಹೋಯಿತು: 1921ರಲ್ಲಿ ಬಂಗಾಳ, ಬಾಂಬೆಯ ಬ್ಯಾಂಕುಗಳ ಜೊತೆ ಸೇರಿ ಇಂಪೀರಿಯಲ್ ಬ್ಯಾಂಕ್, 1955ರಲ್ಲಿ ಸ್ಟೇಟ್ ಬ್ಯಾಂಕ್.

ಒಳಗೆ ಫೋಟೋ ತೆಗೆಯುವಂತಿಲ್ಲ. ಸರಿ, ಎಲ್ಲರ ಹಾಗೆ ಕ್ಯೂನಲ್ಲಿ ನಿಂತೆ. ಮುಂದಿದ್ದ ಅಜ್ಜಿ ಪಾಸ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು, ಅಷ್ಟೆತ್ತರದ ಚಾವಣಿಯನ್ನು ಒಂದು ಸಲವೂ ನೋಡದೆ, ಕೌಂಟರನ್ನೇ ನೋಡುತ್ತಾ ನಿಂತಿದ್ದರು. ನನ್ನ ಸರದಿ ಬಂದಾಗ ಏನು ಬೇಕು ಅಂತ ಕೇಳಿದರು. ಏನೂ ತೋಚದೆ ಐನೂರಕ್ಕೆ ಚಿಲ್ಲರೆ ಕೇಳಿ ಇಸ್ಕೊಂಡು ಬಂದೆ.

ಸಂಜೆ ಛತ್ರದಲ್ಲಿ ಹೊರಗಿಂದ ತೆಗೆದ ಫೋಟೋ ತೋರಿಸಿದೆ. ಅತ್ತೆ ಕನ್ನಡಕ ಏರಿಸಿ ನೋಡಿ, "ಅಯ್ಯೋ, ಅರಮನೆಗೆ ಯಾವಾಗ ಕೆಂಪು ಬಣ್ಣ ಹೊಡೆದ್ರು?" ಅಂದರು.