ಹದಿನೇಳನೇ ತೂಬು: ಟಾಹೋ ಪತ್ತೇದಾರಿ ಕಾದಂಬರಿಯ ಮೂರನೇ ಕರಡು ಎಲ್ಲಿಗೆ ಬಂತು

26 ಅಧ್ಯಾಯಗಳಲ್ಲಿ 18ರ ತಿದ್ದುಪಡಿ ಮುಗಿದಿದೆ. ಒಟ್ಟು 42 ಸಾವಿರ ಪದ. ಡೆಮಿ 1/8 ಆಕಾರದಲ್ಲಿ ಪುಟಕ್ಕೆ 220 ಪದ ಹಿಡಿದರೆ 190 ಪುಟದ ಆಸುಪಾಸು. ಪತ್ತೇದಾರಿ ಕಾದಂಬರಿಗೆ ಇದಕ್ಕಿಂತ ದಪ್ಪ ಬೇಡ.

ಹೊಸದಾಗಿ ಓದುವವರಿಗೆ ಕಥೆ ಇಷ್ಟು. ಅಮೆರಿಕದ ಕ್ಯಾಲಿಫೋರ್ನಿಯಾ, ನೆವಾಡಾ ರಾಜ್ಯಗಳ ಗಡಿಯಲ್ಲಿರುವ ಟಾಹೋ ಸರೋವರದ ಪಶ್ಚಿಮ ದಂಡೆಯ ಟಾಹೋ ಸಿಟಿಯಲ್ಲಿ ಬೋಟ್ ರಿಪೇರಿ ಅಂಗಡಿ ಇಟ್ಟಿದ್ದವನೊಬ್ಬ ಜೂನ್ ತಿಂಗಳ ಒಂದು ಬೆಳಿಗ್ಗೆ ನೀರಿಗಿಳಿದವನು ವಾಪಸು ಬರಲಿಲ್ಲ. ಸಂಜೆ ಅವನ ಬೋಟು ಎದುರು ದಂಡೆಯ ಸ್ಯಾಂಡ್ ಹಾರ್ಬರ್ ಬಳಿ ಖಾಲಿಯಾಗಿ ತೇಲುತ್ತಿತ್ತು. ಅಂಗಡಿಯ ಪಾಲುದಾರ ಆ ದಿನವಿಡೀ ತನ್ನ ಬೋಟಿನಲ್ಲಿ ಹತ್ತಿರದ ಇನ್ನೊಂದು ಸರೋವರವಾದ ಡಾನರ್ ಲೇಕ್‌ನಲ್ಲಿ ಮೀನು ಹಿಡಿಯುತ್ತಿದ್ದೆ ಎನ್ನುತ್ತಾನೆ. ಫ್ರೀಮಾಂಟ್‌ನಿಂದ ವಾರಾಂತ್ಯಕ್ಕೆ ಬಂದು ಬಾಡಿಗೆ ಕ್ಯಾಬಿನ್‌ನಲ್ಲಿ ಇಳಿದುಕೊಂಡಿರುವ ಕನ್ನಡ ಕುಟುಂಬವೊಂದು ದಂಡೆಯಿಂದ ತೆಗೆದ ಮೊಬೈಲ್ ವಿಡಿಯೋ ಮೊದಲ ಸಾಕ್ಷ್ಯ. ಕೊಲೆಗಾರ ಪಾಲುದಾರನೇ ಎಂದು ಇಲ್ಲೇ ಹೇಳಿಬಿಡುವುದರಿಂದ ನಷ್ಟವೇನಿಲ್ಲ. ಪುಸ್ತಕದಲ್ಲೂ ಅದು ಮೂರನೇ ಅಧ್ಯಾಯಕ್ಕೇ ಗೊತ್ತಾಗುತ್ತದೆ. ಪ್ರಶ್ನೆ ಇರುವುದು ಸಾಬೀತು ಮಾಡುವುದು ಹೇಗೆ ಎಂಬುದರಲ್ಲಿ. ಈ ಕರಡಿನ ಕೆಲಸವೆಲ್ಲ ಆ ಸಾಕ್ಷ್ಯಗಳನ್ನು ಸ್ಥಳದ ಲೆಕ್ಕಕ್ಕೆ ಒಡ್ಡಿ ನೋಡುವುದೇ.

ಶವ ಮೇಲೆ ಬರುವುದಿಲ್ಲ

ಕನ್ನಡದ ಪತ್ತೇದಾರಿ ಓದುಗನಿಗೆ ಕೆರೆಯಲ್ಲಿ ಮುಳುಗಿದ ಶವ ಎರಡು ಮೂರು ದಿನಕ್ಕೆ ಉಬ್ಬಿ ತೇಲುತ್ತದೆ ಎಂಬುದು ಗೊತ್ತು. ಬೆಚ್ಚಗಿನ, ಆಳವಿಲ್ಲದ ನೀರಿನಲ್ಲಿ ಅದು ಸರಿ. ಟಾಹೋದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಸರೋವರದ ಅತಿ ಹೆಚ್ಚಿನ ಆಳ 1,645 ಅಡಿ, ಸರಾಸರಿಯೇ ಸುಮಾರು ಸಾವಿರ ಅಡಿ. ಆರುನೂರು ಅಡಿಯ ಕೆಳಗೆ ವರ್ಷವಿಡೀ 4 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಅಂದರೆ ಫ್ರಿಜ್ಜಿನ ಒಳಗಿನ ಚಳಿ. ಕೊಳೆಸುವ ಬ್ಯಾಕ್ಟೀರಿಯಾ ಅಲ್ಲಿ ಬಹಳ ನಿಧಾನ, ಹಾಗಾಗಿ ಅನಿಲ ಉಂಟಾಗುವುದೇ ಕಡಿಮೆ. ಉಂಟಾದದ್ದನ್ನೂ ನೀರಿನ ಒತ್ತಡ ಹಿಂಡಿಬಿಡುತ್ತದೆ. ಸರೋವರದ ಮೇಲ್ಮೈ ಸಮುದ್ರಮಟ್ಟದಿಂದ ಸುಮಾರು 6,225 ಅಡಿ ಎತ್ತರದಲ್ಲಿರುವುದರಿಂದ ಅಲ್ಲಿನ ಗಾಳಿಯ ಒತ್ತಡ 0.8 ವಾತಾವರಣ ಮಾತ್ರ (ಸಮುದ್ರಮಟ್ಟದ್ದು 1). 265 ಅಡಿ ಆಳಕ್ಕೆ ಹೋದರೆ ಒಟ್ಟು ಒತ್ತಡ 8.6ರ ಹತ್ತಿರ. ಮೇಲೆ ಹನ್ನೊಂದು ಲೀಟರ್ ಜಾಗ ತುಂಬುವ ಅನಿಲ ಅಲ್ಲಿ ಒಂದೇ ಲೀಟರ್. ಅಷ್ಟರಿಂದ ದೇಹ ಏಳುವುದಿಲ್ಲ.

265 ಎಂಬ ಸಂಖ್ಯೆಯನ್ನು ಸುಮ್ಮನೆ ಆರಿಸಿದ್ದಲ್ಲ. 1994ರಲ್ಲಿ ಪಶ್ಚಿಮ ದಂಡೆಯ ರೂಬಿಕಾನ್ ಪಾಯಿಂಟ್ ಬಳಿ ಮುಳುಗಿ ಕಾಣೆಯಾದ ಡೈವರ್ ಒಬ್ಬರ ದೇಹ 17 ವರ್ಷಗಳ ಬಳಿಕ, 2011ರಲ್ಲಿ, ಹೆಚ್ಚುಕಡಿಮೆ ಆ ಆಳದಲ್ಲೇ ಸಿಕ್ಕಿತು, ಅದೂ ಆಶ್ಚರ್ಯವೆನಿಸುವಷ್ಟು ಸುಸ್ಥಿತಿಯಲ್ಲಿ. ಈ ಒಂದು ಘಟನೆ ಅಲ್ಲಿನ ಪತ್ತೇದಾರಿ ಬರಹಗಾರರಿಗೆ ಬಂಡವಾಳ. ತಳದಲ್ಲಿ ಸೂಟು ತೊಟ್ಟು ಸಾಲಾಗಿ ನಿಂತಿರುವ ಮಾಫಿಯಾ ಶವಗಳ ದಂತಕಥೆಯೂ ಚಲಾವಣೆಯಲ್ಲಿದೆ. ಅದನ್ನು ಬಳಸಿಲ್ಲ, ಬಳಸುವವರ ಪುಸ್ತಕವನ್ನು ಅಲ್ಲಿನವರು ಅರ್ಧಕ್ಕೇ ಮುಚ್ಚುತ್ತಾರೆ.

ಆದ್ದರಿಂದ ಕೊಲೆ ನಡೆಯುವ ಜಾಗ ರೂಬಿಕಾನ್ ಎದುರಿನ ನೀರು ಎಂದು ನಿಗದಿಯಾಗಿದೆ. ದಂಡೆಯಿಂದ ಸ್ವಲ್ಪ ದೂರಕ್ಕೇ ತಳ ಕಡಿದಾಗಿ ಇಳಿಯುತ್ತದೆ. ಹವ್ಯಾಸಿ ಡೈವರ್‌ಗಳ ಮಿತಿ 130 ಅಡಿ, ಈ ಎತ್ತರದಲ್ಲಿ ಅದನ್ನೂ ಇಳಿಸಿ ಲೆಕ್ಕ ಹಾಕಬೇಕು. ಹಾಗಾಗಿ ಶವ ಹುಡುಕುವ ಅಧ್ಯಾಯದಲ್ಲಿ ಮುಳುಗುಗಾರರ ಸಾಹಸವಿಲ್ಲ. ಮೊದಲು ಶಬ್ದದ ಅಲೆಗಳಿಂದ ತಳದ ಚಿತ್ರ ತೆಗೆಯುವ ಸೈಡ್ ಸ್ಕ್ಯಾನ್ ಸೋನಾರ್, ಆಮೇಲೆ ಕೇಬಲ್ಲಿಗೆ ಕಟ್ಟಿದ ಕ್ಯಾಮೆರಾ ರೋಬೋಟು, ದೋಣಿಯಲ್ಲಿ ಪರದೆ ನೋಡುತ್ತ ಕೂತ ನಾಲ್ಕು ಜನ. ನಾಟಕೀಯತೆ ಕಡಿಮೆ, ಆದರೆ ಕಾಯುವುದರಲ್ಲೇ ಬೇಕಾದಷ್ಟು ಬಿಗಿ ಸಿಗುತ್ತದೆ.

ಖಾಲಿ ಬೋಟು ಎದುರು ದಂಡೆಗೆ ಹೋದದ್ದಕ್ಕೂ ಲೆಕ್ಕವಿದೆ. ಬೇಸಿಗೆ ಮಧ್ಯಾಹ್ನ ನೈಋತ್ಯದಿಂದ ಗಾಳಿ ಎದ್ದು ಪೂರ್ವ ದಂಡೆಯ ಕಡೆ ಅಲೆ ಜೋರಾಗುತ್ತದೆ. ಭೂಪಟದಲ್ಲಿ ರೂಬಿಕಾನ್‌ನಿಂದ ಈಶಾನ್ಯಕ್ಕೆ ಗೆರೆ ಎಳೆದರೆ ಸ್ಯಾಂಡ್ ಹಾರ್ಬರ್ ಹತ್ತಿರವೇ ತಲುಪುತ್ತದೆ. ಸರೋವರದಲ್ಲಿ ಎಂಥ ಅಲೆ ಎನ್ನುವವರು 2025ರ ಜೂನ್ 21 ನೆನಪಿಸಿಕೊಳ್ಳಬೇಕು. ಹಠಾತ್ ಬಿರುಗಾಳಿಗೆ ಎಂಟು ಅಡಿಯವರೆಗೆ ಅಲೆಗಳೆದ್ದು, ಡಿ.ಎಲ್. ಬ್ಲಿಸ್ ಉದ್ಯಾನದ ಬಳಿ 27 ಅಡಿಯ ಬೋಟು ಮಗುಚಿ, ಅದರಲ್ಲಿದ್ದ ಹತ್ತು ಜನರಲ್ಲಿ ಎಂಟು ಮಂದಿ ತೀರಿಕೊಂಡರು. ಕಾದಂಬರಿಯಲ್ಲಿ ಈ ದುರಂತವನ್ನು ತಂದಿಲ್ಲ, ತರುವುದೂ ಇಲ್ಲ. ಆದರೆ ಎಲ್ಲರೂ ಮೊದಲು ಇದು ಅಪಘಾತವೆಂದೇ ನಂಬುವುದಕ್ಕೆ ಅಂಥ ನೀರು ಬೇಕು.

ಯಾರ ಕೇಸು?

ಸರೋವರದ ಮೂರನೇ ಎರಡು ಭಾಗ ಕ್ಯಾಲಿಫೋರ್ನಿಯಾ, ಉಳಿದದ್ದು ನೆವಾಡಾ. ದಂಡೆ ಐದು ಆಡಳಿತಗಳಿಗೆ ಹಂಚಿಹೋಗಿದೆ: ಪ್ಲೇಸರ್, ಎಲ್ ಡೊರಾಡೊ, ವಾಶೋ, ಡಗ್ಲಸ್ ಕೌಂಟಿಗಳು (ನಮ್ಮ ಜಿಲ್ಲೆಗಳ ಹಾಗೆ), ಜೊತೆಗೆ ಕಾರ್ಸನ್ ಸಿಟಿ. ರಾಜ್ಯದ ಗಡಿ 120 ಡಿಗ್ರಿ ಪಶ್ಚಿಮ ರೇಖಾಂಶದ ಮೇಲೆ ಉತ್ತರದಿಂದ ನೇರ ಬಂದು, ನೀರಿನ ನಡುವೆ 39 ಡಿಗ್ರಿ ಅಕ್ಷಾಂಶದಲ್ಲಿ ಆಗ್ನೇಯಕ್ಕೆ ಹೊರಳುತ್ತದೆ.

ನಮ್ಮ ಬೋಟು ನೀರಿಗಿಳಿದದ್ದು ಪ್ಲೇಸರ್‌ನಲ್ಲಿ, ಕೊಲೆ ಎಲ್ ಡೊರಾಡೊದಲ್ಲಿ, ಬೋಟು ಸಿಕ್ಕಿದ್ದು ನೆವಾಡಾದ ವಾಶೋದಲ್ಲಿ. ನೀರಿನ ಮೇಲಿನ ರಕ್ಷಣೆಗೆ ಟಾಹೋ ಸಿಟಿಯ ಕೋಸ್ಟ್ ಗಾರ್ಡ್ ಠಾಣೆ ಬೇರೆ. ಪರ್ವತದ ನೆತ್ತಿಯಲ್ಲಿ ಕೋಸ್ಟ್ ಗಾರ್ಡ್ ಇರುವುದನ್ನು ಬರೆದರೆ ಓದುಗ ಅಚ್ಚಿನ ತಪ್ಪು ಅಂದುಕೊಂಡಾನು, ಒಂದು ಸಾಲಿನ ವಿವರಣೆ ಸೇರಿಸಿದೆ.

ಕ್ಯಾಲಿಫೋರ್ನಿಯಾದ ಆ ಎರಡೂ ಕೌಂಟಿಗಳಲ್ಲಿ ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಶೆರಿಫ್ ಅವರೇ ಕೊರೊನರ್, ಅಂದರೆ ಸಾವಿನ ಕಾರಣ ನಿರ್ಧರಿಸುವ ಅಧಿಕಾರಿ ಕೂಡ. ವಾಶೋದಲ್ಲಿ ಮೆಡಿಕಲ್ ಎಗ್ಸಾಮಿನರ್ ಕಚೇರಿ ಪ್ರತ್ಯೇಕ, ಅಲ್ಲಿ ವೈದ್ಯರ ಮಾತೇ ಕೊನೆ. ಶವ ಗಡಿಯ ಯಾವ ಬದಿಯಲ್ಲಿ ಸಿಕ್ಕಿತು ಎಂಬುದರ ಮೇಲೆ ಮರಣ ಪ್ರಮಾಣಪತ್ರ ಬರೆಯುವವರೇ ಬದಲಾಗುತ್ತಾರೆ. 11ನೇ ಅಧ್ಯಾಯದ ತಿರುವು ಇದೇ. ಶವವಿಲ್ಲದ ಹೊತ್ತಿನಲ್ಲಿ ನೆವಾಡಾದವರ ಕೈಯಲ್ಲಿ ಬರೀ ಒಂದು ಅನಾಥ ಬೋಟಿದೆ, ಕ್ಯಾಲಿಫೋರ್ನಿಯಾದವರ ಕೈಯಲ್ಲಿ ಬರೀ ಒಂದು ನಾಪತ್ತೆ ದೂರಿದೆ. ಇಬ್ಬರಿಗೂ ಕೊಲೆ ಕೇಸಿಲ್ಲ.

ಭಾಷೆಯ ಮಟ್ಟದಲ್ಲಿ ಒಂದು ಕಸ ತೆಗೆಯುವ ಕೆಲಸವೂ ಆಯಿತು. ಕೈ ತಾನಾಗಿಯೇ ಮಹಜರು, ಪಂಚರು, ಎಫ್‌ಐಆರ್, ಇನ್‌ಸ್ಪೆಕ್ಟರ್ ಎಂದು ಬರೆದುಬಿಡುತ್ತದೆ. ಅಲ್ಲಿ ಪಂಚರ ಸಹಿ ಇಲ್ಲ. ಸಾಕ್ಷ್ಯವಸ್ತು ಯಾರ ಕೈಯಿಂದ ಯಾರ ಕೈಗೆ, ಎಷ್ಟು ಗಂಟೆಗೆ ಹೋಯಿತು ಎಂಬ ದಾಖಲೆಯೇ ಮುಖ್ಯ, ಅದರಲ್ಲಿ ಒಂದು ಕೊಂಡಿ ತಪ್ಪಿದರೆ ವಕೀಲರು ಹಿಡಿದುಕೊಳ್ಳುತ್ತಾರೆ. ತನಿಖೆ ಮಾಡುವವರು ಶೆರಿಫ್ ಕೈಕೆಳಗಿನ ಡೆಪ್ಯುಟಿ ಮತ್ತು ಡಿಟೆಕ್ಟಿವ್. ಕಡತದಲ್ಲಿ ಈ ಪದಗಳನ್ನು ಒಂದೊಂದಾಗಿ ಹುಡುಕಿ ಬದಲಿಸಿದ್ದಾಯಿತು.

ತಂತಿ ಸೀಲು

ಈ ಕರಡಿನ ಅತ್ಯುತ್ತಮ ಸುಳಿವು ಊರಿನ ನೀರಸ ನಿಯಮವೊಂದರಿಂದ ಬಂತು. ಹೊರಗಿನ ಜಲಜೀವಿಗಳು ಸರೋವರಕ್ಕೆ ಸೇರಬಾರದೆಂದು ಟಾಹೋದಲ್ಲಿ ಮೋಟಾರು ಬೋಟುಗಳಿಗೆ 2008ರಿಂದ ತಪಾಸಣೆ ಕಡ್ಡಾಯ. ತಳ, ಎಂಜಿನ್ನು, ನೀರಿನ ಟ್ಯಾಂಕು ಎಲ್ಲವೂ ಸ್ವಚ್ಛವಾಗಿ, ಒಣಗಿ ಇರಬೇಕು. ಮೊದಲು, ಹಾಗಿಲ್ಲದ ಬೋಟನ್ನು ಮಾತ್ರ ಬಿಸಿನೀರು ಹಾಯಿಸಿ ತೊಳೆಯುತ್ತಿದ್ದರು. 2024ರ ಅಕ್ಟೋಬರ್‌ನಲ್ಲಿ ಸ್ಟಾಕ್‌ಟನ್ ಬಂದರಿನಲ್ಲಿ ಗೋಲ್ಡನ್ ಮಸೆಲ್ ಎಂಬ ಚಿಪ್ಪುಜೀವಿ ಪತ್ತೆಯಾದ ಮೇಲಂತೂ ಬಿಗಿ ಹೆಚ್ಚಿದೆ. ಪಾಸಾದ ಬೋಟನ್ನು ಅದರ ಟ್ರೇಲರ್‌ಗೆ ತಂತಿಯಿಂದ ಬಿಗಿದು ಸೀಲು ಮಾಡುತ್ತಾರೆ. ಸೀಲು ಒಡೆಯದಿದ್ದರೆ ಬೋಟು ಟ್ರೇಲರ್ ಬಿಟ್ಟು ಇಳಿದಿಲ್ಲ ಎಂದರ್ಥ. ನೀರಿಗಿಳಿಸುವ ರ‍್ಯಾಂಪಿನಲ್ಲಿ ಸಿಬ್ಬಂದಿ ಅದನ್ನು ಕತ್ತರಿಸುತ್ತಾರೆ, ದಿನದ ಕೊನೆಗೆ ಹೊರಬರುವಾಗ ಮತ್ತೆ ಕಟ್ಟಿಸಿಕೊಳ್ಳಬಹುದು.

ಪಾಲುದಾರ ಆ ದಿನ ಡಾನರ್ ಲೇಕ್‌ನಲ್ಲಿದ್ದೆ ಎನ್ನುತ್ತಾನಲ್ಲ, ಅವನ ಗ್ಯಾರೇಜಿನಲ್ಲಿ ಬೋಟು ಟ್ರೇಲರ್ ಮೇಲೆ ನಿಂತಿದೆ, ಟಾಹೋದ ತಂತಿ ಸೀಲು ಹಾಗೇ ಇದೆ. ಡಾನರ್‌ನಲ್ಲಿ ಬೋಟು ಇಳಿಸಿದ್ದರೆ ಸೀಲು ಕತ್ತರಿಸಿರಬೇಕಿತ್ತು. ಘಟನೆಯ ನಂತರ ಟಾಹೋ ತಪಾಸಣೆಗೆ ಹೋಗಿ ಹೊಸದು ಕಟ್ಟಿಸಿಕೊಂಡಿರಬಹುದಲ್ಲವೇ ಎಂಬ ತಕರಾರು ಬರುತ್ತದೆ, ಬರಬೇಕು ಕೂಡ. ಅದಕ್ಕೆ ಡೆಪ್ಯುಟಿ ತಪಾಸಣಾ ಕೇಂದ್ರದ ದಾಖಲೆ ತರಿಸುವ ಅರ್ಧ ಪುಟವನ್ನು 16ನೇ ಅಧ್ಯಾಯಕ್ಕೆ ಸೇರಿಸಿದೆ. ಅರ್ಧ ಪುಟಕ್ಕಿಂತ ಹೆಚ್ಚಾದರೆ ಓದುಗನಿಗೆ ಸುಳಿವಿನ ವಾಸನೆ ಬಡಿಯುತ್ತದೆ. ಸೀಲಿನ ಮೊದಲ ಉಲ್ಲೇಖ 4ನೇ ಅಧ್ಯಾಯದಲ್ಲಿ, ಅಂಗಡಿಯ ಗಿರಾಕಿಯೊಬ್ಬ ತಪಾಸಣೆಯ ಸಾಲಿನ ಬಗ್ಗೆ ಗೊಣಗುವಾಗ ಬಂದುಹೋಗುತ್ತದೆ.

ಕೊಲೆಗಾರ ದಂಡೆಗೆ ಮರಳುವುದು ಕಯಾಕಿನಲ್ಲಿ, ಅದಕ್ಕೆ ಈ ತಂತಿ ಕಟ್ಟುವುದಿಲ್ಲ. ಇನ್ನೊಂದು ನಿಯಮ ಸಮಯದ ಲೆಕ್ಕಕ್ಕೆ ಬಂತು: ದಂಡೆಯಿಂದ 600 ಅಡಿಯೊಳಗೆ ಯಾವ ಮೋಟಾರು ಬೋಟೂ ಗಂಟೆಗೆ 5 ಮೈಲಿ ಮೀರುವಂತಿಲ್ಲ. ಆ 600 ಅಡಿ ದಾಟಲು 82 ಸೆಕೆಂಡು ಬೇಕು. ವಿಡಿಯೋದಲ್ಲಿ ಬೋಟು ನಿಧಾನಕ್ಕೆ ಹೋಗುತ್ತಿರುವುದು ಸ್ಪಷ್ಟವಾಗಿ ಕಾಣುತ್ತದೆ, ಅದರಲ್ಲಿ ಎರಡು ತಲೆ ಎಣಿಸಲು 82 ಸೆಕೆಂಡು ಧಾರಾಳ.

ನೀರಿನ ಮಟ್ಟ, ಸುಳ್ಳು ಫೋಟೋ

ಶೀರ್ಷಿಕೆ ಬಂದದ್ದು ಇಲ್ಲಿಂದ. ಸರೋವರಕ್ಕೆ 63 ತೊರೆಗಳು ಬಂದು ಸೇರುತ್ತವೆ, ಹೊರಗೆ ಹೋಗುವುದು ಟ್ರಕೀ ನದಿಯೊಂದೇ. ಅದರ ಬಾಯಿಯಲ್ಲಿ, ಟಾಹೋ ಸಿಟಿಯಲ್ಲಿ, 1913ರಲ್ಲಿ ಮುಗಿದ ಪುಟ್ಟ ಅಣೆಕಟ್ಟಿದೆ: 18 ಅಡಿ ಎತ್ತರ, 109 ಅಡಿ ಉದ್ದ, 17 ತೂಬು. ಅಣೆಕಟ್ಟು ಹಿಡಿದಿಡುವುದು ಮೇಲಿನ 6.1 ಅಡಿ ನೀರನ್ನು ಮಾತ್ರ, ಅಂದರೆ 6,223 ಅಡಿಯ ನೈಸರ್ಗಿಕ ಅಂಚಿನಿಂದ 6,229.1 ಅಡಿಯ ಕಾನೂನು ಮಿತಿಯವರೆಗೆ. ಮಟ್ಟ ಅಂಚಿಗಿಂತ ಕೆಳಗಿಳಿದರೆ ತೂಬು ತೆರೆದಿದ್ದರೂ ನದಿಗೆ ಹನಿ ನೀರು ಹೋಗುವುದಿಲ್ಲ. 2014ರ ಅಕ್ಟೋಬರ್‌ನಲ್ಲಿ ಹಾಗಾಯಿತು, 2021ರಲ್ಲಿ ಮತ್ತೆ.

ಪಾಲುದಾರಿಕೆಯ ಜಗಳದ ಮೂಲ ಒಂದು ಹಳೆಯ ಫೋಟೋ. ಇಬ್ಬರೂ ಒಪ್ಪಂದದ ದಿನ ಅಣೆಕಟ್ಟಿನ ಬಳಿ ನಿಂತಿರುವುದು. 2017ರ ಜುಲೈ ಎಂದು ಕೊಲೆಗಾರನ ವಾದ. ಫೋಟೋದಲ್ಲಿ ಮಾತ್ರ ತೂಬಿನ ಮುಂದಿನ ಕಲ್ಲುಗಳು ಒಣಗಿ ಬಿಳಿಚಿಕೊಂಡಿವೆ. 2017ರ ಬೇಸಿಗೆಯಲ್ಲಿ ಸರೋವರ ಹೆಚ್ಚುಕಡಿಮೆ ತುಂಬಿತ್ತು. ದಿನದಿನದ ಮಟ್ಟ ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ನೋಡಬಹುದು. ಈ ಸುಳಿವನ್ನು ಕನ್ನಡ ಓದುಗರಿಗೆ ವಿವರಿಸಬೇಕಾದ್ದೇ ಇಲ್ಲ. ಕೆಆರ್‌ಎಸ್‌ನ 124.80 ಅಡಿ ಬಾಯಿಪಾಠ ಇರುವವರು, ಬೆಳಿಗ್ಗೆ ಪತ್ರಿಕೆಯಲ್ಲಿ ಒಳಹರಿವು, ಹೊರಹರಿವು ನೋಡಿಯೇ ಕಾಫಿ ಮುಗಿಸುವವರು. ಆದ್ದರಿಂದ ಫೋಟೋ ಗುಟ್ಟು ಬಿಡಿಸುವುದು ಡೆಪ್ಯುಟಿಯಲ್ಲ, ಆ ಕನ್ನಡ ಕುಟುಂಬದ ಜೊತೆ ಬಂದ ಮಂಡ್ಯದ ಅಜ್ಜ.

ಊರಿನ ಸುದ್ದಿಗಳ ಕಡತ

ಇಂಥ ಊರಿನಲ್ಲಿ ಬರೆಯುವವರ ಅರ್ಧ ಕೆಲಸ ಸ್ಥಳೀಯ ಸುದ್ದಿ ಓದುವುದು. ಶೆರಿಫ್ ಕಚೇರಿಯ ಪ್ರಕಟಣೆ, ರಸ್ತೆ ಮುಚ್ಚಿದ ಸೂಚನೆ, ಟಾಹೋ ಪ್ರಾದೇಶಿಕ ಯೋಜನಾ ಸಂಸ್ಥೆಯ ಅನುಮತಿಗಳು. 14 ಇಂಚಿಗಿಂತ ದಪ್ಪದ ಮರ ಕಡಿಯಲು ಅನುಮತಿ ಬೇಕು ಎಂಬುದು ಆ ಕಡತದ್ದೇ. 7ನೇ ಅಧ್ಯಾಯದಲ್ಲಿ ಅನುಮತಿಯಿಲ್ಲದೆ ಕಡಿದ ಜೆಫ್ರಿ ಪೈನ್ ಬುಡ ನೆರೆಯವರ ಬಾಯಿ ಬಿಡಿಸುತ್ತದೆ.

ಕರಡಿಯೂ ಅಲ್ಲಿಂದಲೇ. 2022ರಲ್ಲಿ ಹ್ಯಾಂಕ್ ದಿ ಟ್ಯಾಂಕ್ ಎಂದು ಹೆಸರಾದ ಸುಮಾರು 500 ಪೌಂಡಿನ ಕರಿ ಕರಡಿಯ ಮೇಲೆ 28 ಮನೆ ನುಗ್ಗಿದ ಆರೋಪವಿತ್ತು. ಡಿಎನ್‌ಎ ತೆಗೆದು ನೋಡಿದರೆ ಕನಿಷ್ಠ ಮೂರು ಬೇರೆ ಬೇರೆ ಕರಡಿಗಳು. ಮರುವರ್ಷ ಆಗಸ್ಟ್‌ನಲ್ಲಿ ಹಿಡಿದದ್ದು ಒಂದು ಹೆಣ್ಣು ಕರಡಿ, ಅದನ್ನು ಕೊಲೊರಾಡೊದ ಆಶ್ರಯಧಾಮಕ್ಕೆ ಕಳಿಸಿದರು. ಇದಕ್ಕಿಂತ ಒಳ್ಳೆಯ ಪತ್ತೇದಾರಿ ತಿರುವನ್ನು ಕೂತು ಕಟ್ಟುವುದು ಕಷ್ಟ. ಕಾದಂಬರಿಯಲ್ಲಿ ಕ್ಯಾಬಿನ್ನಿಗೆ ನುಗ್ಗಿದ್ದು ಕರಡಿ ಎಂದು ಎಲ್ಲರೂ ಒಪ್ಪುತ್ತಾರೆ, ಬಾಗಿಲಿಗೆ ತಿರುಗಿಸುವ ಗುಂಡನೆಯ ಹಿಡಿ ಇದೆ ಎಂದು ಗಮನಿಸುವವರೆಗೆ. ಒತ್ತಿ ತೆರೆಯುವ ಉದ್ದ ಹಿಡಿಯನ್ನು ಕರಡಿ ಸಲೀಸಾಗಿ ತೆರೆಯುತ್ತದೆ, ಗುಂಡನೆಯ ಹಿಡಿಯನ್ನು ತಿರುಗಿಸುವುದು ಅದಕ್ಕೆ ಕಷ್ಟ, ಒಡೆದೇ ನುಗ್ಗಬೇಕು. ಈ ಬಾಗಿಲು ಒಡೆದಿಲ್ಲ. ಟಾಹೋದಲ್ಲಿ ಇರುವುದು ಕರಿ ಕರಡಿ ಮಾತ್ರ, ಬಣ್ಣ ಕಂದು ಇದ್ದರೂ ಅದೇ ಜಾತಿ. ಗ್ರಿಜ್ಲಿ ಎಂದು ಬರೆದರೆ ಮುಗಿಯಿತು.

ಕಾಳ್ಗಿಚ್ಚನ್ನು ಹಿನ್ನೆಲೆಗೆ ಮಾತ್ರ ಇಟ್ಟಿದೆ. 2021ರ ಆಗಸ್ಟ್ 30ರಂದು ಕಾಲ್ಡರ್ ಬೆಂಕಿಗೆ ಹೆದರಿ ಸೌತ್ ಲೇಕ್ ಟಾಹೋ ಊರಿಗೆ ಊರೇ ಖಾಲಿಯಾದಾಗ ಅಂಗಡಿಯ ಲೆಕ್ಕದ ಪುಸ್ತಕ ಕಳೆದದ್ದು, ಅಷ್ಟೇ. ಚಳಿಗಾಲದ ಆವೃತ್ತಿಯನ್ನು ಪೂರ್ತಿ ಬಿಟ್ಟದ್ದು ಸೀಲಿನ ಸುಳಿವಿಗಾಗಿ. ಎಮರಾಲ್ಡ್ ಬೇ ಬಳಿ ಹೆದ್ದಾರಿ 89 ಹಿಮಪಾತಕ್ಕೆ ಮುಚ್ಚುವುದು, ಚಕ್ರಕ್ಕೆ ಸರಪಳಿ ಕಟ್ಟುವ ಮೂರು ಹಂತದ ನಿಯಮ, ಇವೆಲ್ಲ ಇನ್ನೊಂದು ಪುಸ್ತಕಕ್ಕೆ.

ಬಾಕಿ

ಬೆಳಕಿನ ತಿದ್ದುಪಡಿ 20ರಿಂದ 23ನೇ ಅಧ್ಯಾಯದವರೆಗೆ ಉಳಿದಿದೆ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯಾಸ್ತ ರಾತ್ರಿ ಎಂಟೂವರೆಗೆ. ಆದರೆ ಪಶ್ಚಿಮ ದಂಡೆಯ ಬೆನ್ನಿಗೇ ಬೆಟ್ಟವಿರುವುದರಿಂದ ಅಲ್ಲಿ ನೆರಳು ಬಹಳ ಮುಂಚೆ ಬೀಳುತ್ತದೆ, ಪೂರ್ವ ದಂಡೆಯಲ್ಲಿ ಆಗಿನ್ನೂ ಬಿಸಿಲು. ಏಳು ಗಂಟೆಗೆ ಕತ್ತಲಾಯಿತು ಎಂಬ ಸಾಲು ಎರಡು ಕಡೆ ಹಾಗೇ ಇದೆ. ಅಡುಗೆಯ ದೃಶ್ಯಕ್ಕೂ ಎತ್ತರದ ಲೆಕ್ಕ ಬೇಕು. ಅಲ್ಲಿ ನೀರು ಕುದಿಯುವುದು ಸುಮಾರು 94 ಡಿಗ್ರಿಗೆ, ಕುಕ್ಕರ್ ಇಲ್ಲದ ಕ್ಯಾಬಿನ್ನಿನಲ್ಲಿ ಸಾರಿನ ಬೇಳೆ ಬೇಯಲು ಸಮಯ ಎಳೆಯುತ್ತದೆ. ಅಜ್ಜ ಊಟಕ್ಕೆ ಕಾಯುತ್ತ ಫೋಟೋ ನೋಡುವುದಕ್ಕೆ ಅದೇ ಕಾರಣ.

ಅಚ್ಚಿಗೆ ಹೋಗುವ ಮುನ್ನ ಒಂದು ತಾಂತ್ರಿಕ ಕೆಲಸ. ಡಿಟಿಪಿಯವರು ಯೂನಿಕೋಡ್ ಕಡತವನ್ನು ನುಡಿ ತಂತ್ರಾಂಶದ ಅಕ್ಷರಗಳಿಗೆ ಬದಲಿಸುವಾಗ ಪದದ ನಡುವಿನ ಅದೃಶ್ಯ ವಿಭಜಕ ಬಿದ್ದುಹೋಗಿ, "ಬೋಟ್‌ನಲ್ಲಿ" ಎಂಬುದು "ಬೋಟ್ನಲ್ಲಿ" ಆಗುತ್ತದೆ. ಇಂಗ್ಲಿಷ್ ಹೆಸರುಗಳೇ ತುಂಬಿರುವ ಈ ಪುಸ್ತಕದಲ್ಲಿ ಪ್ರತಿ ಪುಟಕ್ಕೂ ಹತ್ತಾರು ಕಡೆ ಹೀಗಾದೀತು. ಪರಿವರ್ತನೆಗೆ ಮುಂಚೆ ವಿಭಜಕ ಇರುವಲ್ಲೆಲ್ಲ # ಗುರುತು ಹಾಕಿ, ಆಮೇಲೆ ಡಿಟಿಪಿಯಲ್ಲಿ ಒಂದೊಂದಾಗಿ ಹುಡುಕಿ ಸರಿಪಡಿಸುವುದು ಸದ್ಯದ ಉಪಾಯ. ಸಾಧ್ಯವಿರುವಲ್ಲಿ "ಬೋಟಿನಲ್ಲಿ", "ಕ್ಯಾಬಿನ್ನಿಗೆ" ಎಂದು ಬರೆದುಬಿಟ್ಟರೆ ಆ ತಾಪತ್ರಯವೇ ಇಲ್ಲ, 18 ಅಧ್ಯಾಯಗಳಲ್ಲಿ ಬಹುಪಾಲು ಹಾಗೇ ಬದಲಾಗಿದೆ. ಮುಂದೆ 19ನೇ ಅಧ್ಯಾಯ: ವಿಚಾರಣೆ ನೆವಾಡಾದಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.