ಹುಣಸೆ ಬೀಜದ ಲೆಕ್ಕ

2024 ಜುಲೈ 23, ಮಂಗಳವಾರ

ನಿದ್ದೆ ಬರಲಿಲ್ಲ. ಎದ್ದು ದೀಪ ಹಾಕಿಕೊಂಡು ಬರೆಯಲು ಕೂತಿದ್ದೇನೆ.

ಇವತ್ತು ನಮ್ಮ ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುವ ದಿನ. ನಮ್ಮೂರು ಗದಗದಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿದೆ, ಬಾಗಿಲಲ್ಲಿ ನಿಂತರೆ ಕಪ್ಪತಗುಡ್ಡ ಕಾಣುತ್ತದೆ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿರುವ ಹುಡುಗಿ ತನ್ನ ಕೂಸನ್ನು ಎತ್ತಿಕೊಂಡು ಬಂದಳು. ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ಹೆಣ್ಣು ಕೂಸು. ಹುಟ್ಟಿದಾಗ 2 ಕೆಜಿ 600 ಗ್ರಾಂ ಇತ್ತು. ಈಗ ಎಂಟು ವಾರ ತುಂಬಲು ಎರಡು ದಿನ ಕಡಿಮೆ. ಜುಲೈ 11ರಂದು ಒಂದೂವರೆ ತಿಂಗಳ ಚುಚ್ಚುಮದ್ದಿಗೆ ಬಂದಾಗ ತಕ್ಕಡಿ 4 ಕೆಜಿ ತೋರಿಸಿತ್ತು. ಇವತ್ತು 3 ಕೆಜಿ 850.

"ಇಳದೈತಲ್ಲವಾ" ಅಂದುಬಿಟ್ಟೆ. ಯೋಚನೆ ಮಾಡದೆ ಬಾಯಿಂದ ಬಂದ ಮಾತು. ಆ ಹುಡುಗಿ ಏನೂ ಅನ್ನಲಿಲ್ಲ. ಕೂಸನ್ನು ಎದೆಗೆ ಅವಚಿಕೊಂಡು, ಸೆರಗಿನಿಂದ ಅದರ ಕಾಲು ಮುಚ್ಚಿದಳು. ಆ ಸಣ್ಣ ಕಾಲು ಯಾರಿಗೂ ಕಾಣಬಾರದು ಅನ್ನುವ ಹಾಗೆ. ಹಿಂದೆ ನಿಂತಿದ್ದ ಹೆಂಗಸೊಬ್ಬರು "ಹಾಲು ಸಾಲವಲ್ದು, ಬಾಟ್ಲಿ ಹಚ್ಚ್ರಿ" ಅಂದರು. ಅಷ್ಟು ಜನರ ನಡುವೆ.

ಸಂಜೆ ಊರಿನ ಆಶಾ ಕಾರ್ಯಕರ್ತೆ ಫೋನ್ ಮಾಡಿದರು. ಮನೆಯವರು ಆಗಲೇ ಹಾಲಿನ ಪುಡಿಯ ಡಬ್ಬಿ ತಂದಿದ್ದಾರಂತೆ. ಹುಡುಗಿ ಮಧ್ಯಾಹ್ನದಿಂದ ಊಟ ಮಾಡಿಲ್ಲವಂತೆ, ಅಳುತ್ತಲೇ ಇದ್ದಾಳಂತೆ.

ಮಲಗಿದ ಮೇಲೆ ತಟ್ಟನೆ ನೆನಪಾಯಿತು. ಜುಲೈ 11ರಂದು ಜಿಟಿಜಿಟಿ ಮಳೆ. ಚುಚ್ಚುಮದ್ದಿಗೆ ಗದ್ದಲವೋ ಗದ್ದಲ. ಥಂಡಿ ಅಂತ ಆ ಕೂಸಿನ ಕುಂಚಿಗೆ ಬಿಚ್ಚಿಸದೆ, ಸುತ್ತಿದ ದುಪಟಿ ಸಮೇತ ತಕ್ಕಡಿ ಮೇಲೆ ಮಲಗಿಸಿದ್ದೆ. ಇವತ್ತು ಬಿಸಿಲಿತ್ತು, ಎಲ್ಲ ಬಿಚ್ಚಿ ತೂಗಿದೆ. ಕೂಸು ಇಳಿದಿಲ್ಲ. ನಾನು ಅದರ ಬಟ್ಟೆ ತೂಗಿದ್ದೆ.

ಬೆಳಗಾಗುವುದನ್ನೇ ಕಾಯುತ್ತಿದ್ದೇನೆ.

ಜುಲೈ 24, ಬುಧವಾರ

ಏಳು ಗಂಟೆಗೆ ತಕ್ಕಡಿ ಹಿಡಿದುಕೊಂಡು ಅವರ ಮನೆಗೆ ಹೋದೆ. "ಆವತ್ತು ಕೂಸಿಗೆ ಏನೇನು ಹಾಕಿದ್ರಿ, ಎಲ್ಲಾ ತರ್ರಿ" ಅಂದೆ. ನೆಲದ ಮೇಲೆ ತಕ್ಕಡಿ ಸಮ ಇಟ್ಟು, ಸೊನ್ನೆ ಬರುವ ತನಕ ಕಾದು, ಒಂದೊಂದೇ ಇಟ್ಟೆ. ಕುಂಚಿಗೆ, ದುಪಟಿ, ಬೆಳ್ಳಿ ಕಡಗ, ಉಡಿದಾರ. ಎಲ್ಲ ಸೇರಿ 340 ಗ್ರಾಂ. ಅಂದರೆ ಆವತ್ತಿನ ನಿಜವಾದ ತೂಕ 3 ಕೆಜಿ 660. ಹನ್ನೆರಡು ದಿನದಲ್ಲಿ ಕೂಸು 190 ಗ್ರಾಂ ಏರಿದೆ.

"ತಪ್ಪು ನಂದು. ನಿಂದೂ ಅಲ್ಲ, ನಿನ್ನ ಹಾಲಿಂದೂ ಅಲ್ಲ" ಅಂದೆ. ಅವಳು ಸ್ವಲ್ಪ ಹೊತ್ತು ತಕ್ಕಡಿಯನ್ನೇ ನೋಡುತ್ತಿದ್ದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು: "ಅಕ್ಕೋರ, ನನ್ನ ಹಾಲಾಗ ಕಸು ಇಲ್ಲೇನ್ರಿ?"

ಈ ಪ್ರಶ್ನೆ ನನಗೆ ಹೊಸದಲ್ಲ. ನನ್ನ ಮಗಳು ಹುಟ್ಟಿದಾಗ ಸಂಬಂಧಿಕರೊಬ್ಬರು ತೊಟ್ಟಿಲಲ್ಲಿ ಇಣುಕಿ "ಇಲಿಮರಿ ಆಗೇತಲ್ಲ" ಅಂದಿದ್ದರು. ಮಗಳು ಈಗ ಹಾವೇರಿಯಲ್ಲಿ ಕಾಲೇಜು ಓದುತ್ತಿದ್ದಾಳೆ. ಆ ಮಾತು, ಅವರು ನಿಂತ ಜಾಗ, ಉಟ್ಟ ಸೀರೆ ಎಲ್ಲ ನನಗೆ ಇನ್ನೂ ನೆನಪಿದೆ.

ಆದರೆ ಸುಮ್ನೆ "ಏನೂ ಆಗಿಲ್ಲ" ಅಂತ ಹೇಳಿ ಎದ್ದು ಬರುವ ಹಾಗೂ ಇರಲಿಲ್ಲ. ಮೊದಲ ಆರು ತಿಂಗಳು ಕೂಸು ತಿಂಗಳಿಗೆ ಅರ್ಧ ಕೆಜಿಯಾದರೂ ಏರಬೇಕು. ಹನ್ನೆರಡು ದಿನಕ್ಕೆ 190 ಅಂದರೆ ಅದಕ್ಕಿಂತ ಸ್ವಲ್ಪ ಕಡಿಮೆಯೇ. "ನಾ ಇಲ್ಲೇ ಕೂಡ್ತೀನಿ, ನೀ ಹೆಂಗ ಕುಡಸ್ತಿ ತೋರ್ಸು" ಅಂದೆ.

ಗೋಡೆಗೆ ಒರಗಿ ಕೂತು ಎದೆಗೆ ಹಾಕಿಕೊಂಡಳು. ಕೂಸು ಬಾಯಿ ದೊಡ್ಡದಾಗಿ ತೆರೆದು ಚೆನ್ನಾಗಿಯೇ ಹಿಡಿಯಿತು. ಗದ್ದ ಎದೆಗೆ ತಾಗಿತ್ತು, ಕೆಳತುಟಿ ಹೊರಕ್ಕೆ ಮಡಚಿತ್ತು. ಮೊದಲು ಪುಟಪುಟ ಚೀಪಿತು. ಆಮೇಲೆ ನಿಧಾನವಾಯಿತು, ಎರಡು ಸಲ ಎಳೆದು ಒಂದು ಗುಟುಕು. ಗಂಟಲಲ್ಲಿ ಆ ಸಪ್ಪಳ ನನಗೆ ಸ್ಪಷ್ಟ ಕೇಳುತ್ತಿತ್ತು. ಹಾಲಿದೆ! ಅಷ್ಟರಲ್ಲಿ ಅವಳು ಮೊಬೈಲ್ ನೋಡಿ, ಕೂಸಿನ ಬಾಯಿಂದ ಮೊಲೆ ಬಿಡಿಸಿದಳು. "ಐದು ನಿಮಿಷ ಆತ್ರಿ. ಎರಡೂ ಕಡೆ ಸಮ ಕುಡಸ್ಬೇಕಂತಲ್ರಿ" ಅಂದಳು. ಯಾರೋ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದಾಳೆ, ಪಾಪ. ಎದೆ ಬರಿದಾಗುತ್ತ ಬಂದಂತೆ ಹಾಲಿನಲ್ಲಿ ಜಿಡ್ಡು ಜಾಸ್ತಿಯಾಗುತ್ತದೆ. ಕೂಸು ಆ ಗಟ್ಟಿ ಹಾಲಿಗೆ ಬರುವ ಹೊತ್ತಿಗೆ ಇವಳು ಬಿಡಿಸುತ್ತಿದ್ದಳು. ಒಂದು ಕಡೆ ತಾನೇ ಬಿಡುವ ತನಕ ಕುಡಿಯಲಿ, ಆಮೇಲೆ ಇನ್ನೊಂದು ಕಡೆ ಕೊಡು, ಗಡಿಯಾರ ನೋಡಬೇಡ ಅಂದೆ.

"ರಾತ್ರಿ ಹೆಂಗ ಮಲಗ್ತೈತಿ?" ಅಂತ ಕೇಳಿದೆ. ಇವಳ ಅವ್ವ ಹೆಮ್ಮೆಯಿಂದ ಹೇಳಿದರು: "ಒಂಬತ್ತಕ್ಕ ಮಲಗಿದ್ರ ಐದಕ್ಕ ಏಳೂದ್ರಿ. ಬಾಳ ಶಾಣ್ಯಾ ಕೂಸು, ಅಳೂದ ಇಲ್ಲ." ಒಟ್ಟು ಲೆಕ್ಕ ಹಾಕಿದರೆ ಹಗಲು ರಾತ್ರಿ ಸೇರಿ ಆರು ಸಲ ಕುಡಿಸುತ್ತಿದ್ದಾರೆ. ಎಂಟರಿಂದ ಹನ್ನೆರಡು ಸಲ ಬೇಕು.

ನನಗೆ ಕಾರಣ ತಿಳಿದದ್ದು ಆಗ. ಈ ಕೂಸು ಕೇಳುವುದಿಲ್ಲ. ಬೆಚ್ಚಗೆ ಸುತ್ತಿ ತೊಟ್ಟಿಲಿಗೆ ಹಾಕಿ ತೂಗಿದರೆ ಹಸಿದರೂ ಮಲಗಿಬಿಡುತ್ತದೆ. ಅಳುವ ಕೂಸಿಗೆ ಮನೆಯವರೆಲ್ಲ ಓಡಿ ಬರುತ್ತಾರೆ. ಅಳದ ಕೂಸನ್ನು ಹೊಗಳಿ ಬಿಟ್ಟುಬಿಡುತ್ತಾರೆ. ಹಸಿವಾದರೆ ಕೂಸು ಮೊದಲು ತುಟಿ ಚಪ್ಪರಿಸುತ್ತದೆ, ಕತ್ತು ಆ ಕಡೆ ಈ ಕಡೆ ಹೊರಳಿಸುತ್ತದೆ, ಮುಷ್ಟಿ ಬಾಯಿಗೆ ಒಯ್ಯುತ್ತದೆ. ಅಳುವುದು ಕೊನೆಗೆ. ಕೈ ಬಾಯಿಗೆ ಹೋದಾಗಲೇ ಎತ್ತಿಕೊಳ್ಳಿ, ರಾತ್ರಿ ನಡುವೆ ಒಂದೆರಡು ಸಲ ಎಬ್ಬಿಸಿ ಕುಡಿಸಿ, ಕುಡಿಸುವಾಗ ದುಪಟಿ ತೆಗೆಯಿರಿ ಅಂತ ಹೇಳಿದೆ.

ಡಬ್ಬಿಯ ಬಗ್ಗೆ ಬೈಯಲಿಲ್ಲ. ಹೆದರಿದವರು ಏನು ಮಾಡಿಯಾರು? 1992ರ ಕಾಯ್ದೆ ಪ್ರಕಾರ ಶಿಶುಗಳ ಹಾಲಿನ ಪುಡಿಗೆ ಜಾಹೀರಾತು ಕೊಡುವಂತಿಲ್ಲ, ತಾಯಿಹಾಲೇ ಮೇಲು ಅಂತ ಡಬ್ಬಿ ಮೇಲೆ ಬರೆಯಲೇಬೇಕು. ಆದರೂ ನಿನ್ನೆ ನನ್ನ ಒಂದೇ ಮಾತಿಗೆ ಡಬ್ಬಿ ಈ ಮನೆಗೆ ಬಂತು. ಎರಡು ಸಲ ಬಾಟಲಿ ಕೊಟ್ಟಿದ್ದರು. ನಾನು ಹೇಳಿದ್ದು ಇಷ್ಟೇ: ಬಾಟಲಿಯಲ್ಲಿ ಹೊಟ್ಟೆ ತುಂಬಿದ ಕೂಸು ಎದೆಗೆ ಬರುವುದಿಲ್ಲ, ಎದೆ ಬರಿದಾಗದಿದ್ದರೆ ಹಾಲು ಹುಟ್ಟುವುದು ಕಡಿಮೆಯಾಗುತ್ತದೆ. ಆಮೇಲೆ ಹಾಲು ಸಾಲುವುದಿಲ್ಲ ಅನ್ನುವ ಮಾತು ನಿಜವೇ ಆಗಿಬಿಡುತ್ತದೆ. ಡಾಕ್ಟರು ನೋಡಿ ಬೇಕು ಅಂದರೆ ಕೊಡೋಣ, ಅಲ್ಲಿಯ ತನಕ ಎತ್ತಿಡಿ.

ಹುಡುಗಿಯ ಅಜ್ಜಿ ಒಂದು ಮಾತಿಗೆ ಒಪ್ಪಲಿಲ್ಲ. "ಬಾಣಂತಿ ನೀರು ಕುಡದ್ರ ಕೂಸಿಗೆ ಥಂಡಿ ಆಗತೈತಿ." ಹುಡುಗಿಯ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ವಾದ ಮಾಡಲಿಲ್ಲ. ಅಜ್ಜಿಯ ಅಂಟಿನ ಉಂಡಿ, ಅಳ್ವಿ ಪಾಯಸ, ಬಳ್ಳೊಳ್ಳಿ ಖಾರ ಯಾವುದಕ್ಕೂ ನಾನು ಬೇಡ ಅನ್ನುವವಳಲ್ಲ. ಬಾಣಂತಿ ಹೊಟ್ಟೆ ತುಂಬ ಉಣ್ಣಲಿ. "ಜೀರಗಿ ಹಾಕಿ ಕುದಿಸಿದ ನೀರು ಆದ್ರ ಆಗ್ತೈತೇನಜ್ಜಿ?" ಅಂತ ಕೇಳಿದೆ. ಸ್ವಲ್ಪ ಯೋಚಿಸಿ "ಅದು ಆಗ್ತೈತಿ" ಅಂದರು. ಹುಡುಗಿ ನನ್ನೆದುರಿಗೇ ಒಂದು ಚಂಬು ಪೂರ್ತಿ ಕುಡಿದಳು.

ಜುಲೈ 27, ಶನಿವಾರ

ತಾಲ್ಲೂಕು ಆಸ್ಪತ್ರೆಗೆ ಜೊತೆಗೆ ಹೋಗಿದ್ದೆ. ಡಾಕ್ಟರು ನೆತ್ತಿ ಮುಟ್ಟಿ ನೋಡಿದರು, ನಾಲಿಗೆ ಎತ್ತಿ ನೋಡಿದರು, ಎದೆಬಡಿತ ಕೇಳಿದರು. ಕೂಸು ಅವರ ಮುಖ ನೋಡಿ ನಕ್ಕಿತು. ಕಣ್ಣು ಚುರುಕಾಗಿವೆ, ಚರ್ಮ ಬಿಗಿ ಇದೆ, ಉದ್ದವೂ ತಲೆಯ ಸುತ್ತಳತೆಯೂ ಬೆಳೆಯುತ್ತಿವೆ ಅಂದರು. ಅಪ್ಪ ಅವ್ವ ಎಷ್ಟು ಎತ್ತರ ಅಂತ ಕೇಳಿದರು. ಅಪ್ಪನೂ ಸಣ್ಣ ಆಳೇ. "ಇಕಿನೂ ಹಿಂಗ ಇದ್ಲ್ರಿ, ಗುಬ್ಬಿಗತೆ" ಅಂದರು ಅವ್ವ. ಆರೋಗ್ಯವಾಗಿರುವ ಕೂಸು, ನಿಧಾನ ಬೆಳೆಯುತ್ತದೆ, ಎದೆಹಾಲು ಜಾಸ್ತಿ ಸಲ ಕೊಡಿ, ಪುಡಿ ಬೇಡ. ಇಷ್ಟು ಹೇಳಿ ಕಳಿಸಿದರು.

ಯಾವಾಗ ಮತ್ತೆ ಓಡಿ ಬರಬೇಕು ಅನ್ನುವುದನ್ನೂ ಹೇಳಿದರು. ಎಬ್ಬಿಸಿದರೂ ಏಳದೆ ಮಂಕಾಗಿ ಮಲಗಿದರೆ, ಕುಡಿಯುವುದು ಬಿಟ್ಟರೆ, ಜ್ವರ ಬಂದರೆ, ಉಸಿರು ಜೋರಾದರೆ, ನೆತ್ತಿ ಒಳಗಿಳಿದರೆ, ಉಚ್ಚೆ ಕಡಿಮೆಯಾದರೆ ಅವತ್ತೇ ಬರಬೇಕು, ನೆದರು (ದೃಷ್ಟಿ) ತೆಗೆದು ನೋಡೋಣ ಅಂತ ಕೂರಬಾರದು.

ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯಬೇಕು, ಬಣ್ಣ ತಿಳಿಯಾಗಿರಬೇಕು. ಇದನ್ನು ಹೇಗೆ ಎಣಿಸುವುದು? ಹುಡುಗಿಗೆ ಅದು ಇನ್ನೊಂದು ಚಿಂತೆಯಾಗಬಾರದು. ಅಜ್ಜಿಯೇ ದಾರಿ ಹುಡುಕಿದರು. ತೊಟ್ಟಿಲ ಪಕ್ಕ ಒಂದು ಹಿತ್ತಾಳೆ ಬಟ್ಟಲು, ಒಂದು ಹಿಡಿ ಹುಣಸೆ ಬೀಜ. ಅರಿವೆ ಒದ್ದೆಯಾದಾಗಲೆಲ್ಲ ಒಂದು ಬೀಜ ಬಟ್ಟಲಿಗೆ. "ಎಣಿಸೂದು ನಂದು, ನೀ ಕುಡಸು" ಅಂತ ಮೊಮ್ಮಗಳಿಗೆ ಹೇಳಿದರು.

ಆಗಸ್ಟ್ 9, ಶುಕ್ರವಾರ. ಪಂಚಮಿ

ನಿನ್ನೆ ಹತ್ತು ವಾರದ ಚುಚ್ಚುಮದ್ದು. ಹಬ್ಬದ ಗಡಿಬಿಡಿಯಲ್ಲೂ ಬಂದರು. ತೂಕ 4 ಕೆಜಿ 150. ಹದಿನಾರು ದಿನಕ್ಕೆ 300 ಗ್ರಾಂ. ತಾಯಿ ಕಾರ್ಡಿನಲ್ಲಿ ಚುಕ್ಕಿ ಇಟ್ಟೆ. ಸರಿಯಾದ ತೂಕದ ಹಸಿರು ಪಟ್ಟಿಯ ಕೆಳ ಅಂಚಿನಲ್ಲಿದೆ, ಕಡಿಮೆ ತೂಕದ ಹಳದಿಗೆ ಇಳಿದಿಲ್ಲ.

ಇವತ್ತು ಉಂಡಿ ಕೊಡಲು ಕರೆದಿದ್ದರು, ಹೋದೆ. ಹುಬ್ಬಳ್ಳಿಯಿಂದ ಅತ್ತೆ ಬಂದಿದ್ದರು. ಪಕ್ಕದ ಮನೆಯ ಗಂಡು ಕೂಸು ಅದೇ ವಾರ ಹುಟ್ಟಿದ್ದು, 6 ಕೆಜಿ ಇದೆ. ಅದನ್ನು ಎತ್ತಿಕೊಂಡು ಬಂದ ಅತ್ತೆ, "ನೋಡ್ರಿ, ಕೂಸಂದ್ರ ಹಿಂಗಿರ್ಬೇಕು. ಇಕಿಗೆ ಹಾಲ ಇಲ್ಲ, ಸುಮ್ನ ಹಟ ಮಾಡ್ತಾಳ" ಅಂದರು. ಕೆಟ್ಟವರಲ್ಲ. ಮೊಮ್ಮಗಳ ಚಿಂತೆ ಅವರಿಗೂ ಇದೆ.

ಕಾರ್ಡ್ ತರಿಸಿದೆ. ಹೆಣ್ಣಿಗೆ ಗುಲಾಬಿ ಪುಟ, ಗಂಡಿಗೆ ನೀಲಿ ಪುಟ, ಎರಡರ ಗೆರೆಗಳೇ ಬೇರೆ ಅಂತ ತೋರಿಸಿದೆ. ಈ ಗೆರೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟಿದ್ದು. ಆರು ದೇಶಗಳ ಮಕ್ಕಳನ್ನು ಅಳೆದು ನೋಡಿ ಮಾಡಿದ್ದು, ಅದರಲ್ಲಿ ನಮ್ಮ ದೆಹಲಿಯ ಮಕ್ಕಳೂ ಇದ್ದರು. ಎದೆಹಾಲು ಕುಡಿದು ಚೆನ್ನಾಗಿ ಬೆಳೆದ ಮಕ್ಕಳು. ಅವರಲ್ಲೂ ದಪ್ಪ ಇದ್ದವು, ಸಣ್ಣ ಇದ್ದವು. ನಡುವಿನ ಗೆರೆಯ ಕೆಳಗೆ ಅರ್ಧ ಮಕ್ಕಳು ಇದ್ದೇ ಇರುತ್ತಾರೆ ಅಲ್ವಾ? ಚುಕ್ಕಿ ಎಲ್ಲಿದೆ ಅನ್ನುವುದಕ್ಕಿಂತ, ಚುಕ್ಕಿಗಳು ಗೆರೆಯ ಜೊತೆ ಮೇಲೆ ಹೋಗುತ್ತಿವೆಯಾ ಅಂತ ನೋಡಬೇಕು. ಅತ್ತೆ ಕೇಳಿಸಿಕೊಂಡರು. ಒಪ್ಪಿದ ಹಾಗೆ ಕಾಣಲಿಲ್ಲ.

ಆಮೇಲೆ ಅಂಗಳದಲ್ಲಿ ಕಲ್ಲ ನಾಗಪ್ಪನಿಗೆ ಹಾಲೆರೆಯಲು ಎಲ್ಲರೂ ಸೇರಿದರು. ಅವ್ವನ ಪಾಲು, ಅಪ್ಪನ ಪಾಲು ಅಂತ ಒಬ್ಬೊಬ್ಬರ ಹೆಸರಿನಲ್ಲಿ ಎರೆಯುತ್ತಿದ್ದರು. ಹುಡುಗಿ ಗಿಂಡಿ ಹಿಡಿದು "ಕೂಸಿನ ಪಾಲು" ಅಂತ ಬಗ್ಗಿದಳು. ಅದೇ ಹೊತ್ತಿಗೆ ಒಳಗೆ ತೊಟ್ಟಿಲಲ್ಲಿ ಕೂಸು ಕುಂಯ್ ಅಂತು. ಜೋರಾಗಿ ಅಲ್ಲ, ಎಚ್ಚರವಾದ ಸದ್ದು ಅಷ್ಟೇ. ಅವಳ ಕೈ ನಿಂತಿತು. ನೋಡುತ್ತಿದ್ದಂತೆ ಹಸಿರು ಕುಪ್ಪಸದ ಎರಡೂ ಕಡೆ ಒದ್ದೆಯಾಗಿ ಕಪ್ಪಾಯಿತು. ಹಾಲು ತಾನಾಗಿಯೇ ಇಳಿಯಿತು. ನಾಚಿ ಸೆರಗು ಎಳೆದುಕೊಂಡಳು.

ಅತ್ತೆ ನೋಡಿದರು. ಏನೂ ಮಾತಾಡಲಿಲ್ಲ. ಸೊಸೆಯ ಕೈಯಿಂದ ಗಿಂಡಿ ತೆಗೆದುಕೊಂಡು, "ಹೋಗವಾ, ಕೂಸಿಗೆ ಕುಡಸು ಹೋಗು. ನಾ ಎರೀತೀನಿ" ಅಂದರು.

ಸೆಪ್ಟೆಂಬರ್ 5, ಗುರುವಾರ

ಹೊಲದಲ್ಲಿ ಹೆಸರು ಬಿಡಿಸುವ ಕೆಲಸ ಜೋರು. ಚುಚ್ಚುಮದ್ದಿಗೆ ಬರುವವರು ತಡ. ಇವಳು ಮಾತ್ರ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು, ಜೊತೆಗೆ ಅಜ್ಜಿ.

ನಡುವೆ ಒಂದು ವಾರ ಮತ್ತೆ ಅಂಜಿದ್ದಳಂತೆ. ಎದೆ ಮೊದಲಿನಷ್ಟು ಬಿಗಿಯಾಗುತ್ತಿಲ್ಲ, ಹಾಲು ಬತ್ತಿತು ಅಂತ. ಕೂಸಿಗೆ ಬೇಕಾದಷ್ಟೇ ಹಾಲು ಬರಲು ಎದೆ ಹೊಂದಿಕೊಂಡ ಮೇಲೆ ಹಾಗೆ ಮೆತ್ತಗಾಗುತ್ತದೆ. ಅದನ್ನು ಹೇಳಲು ನಾನು ಹೋಗುವ ಮೊದಲೇ ಅಜ್ಜಿ ಬಟ್ಟಲು ತೋರಿಸಿ ಸಮಾಧಾನ ಮಾಡಿದ್ದರು. ಅವತ್ತು ಎಂಟು ಬೀಜ ಇದ್ದವಂತೆ.

ಈ ಸಲ ನಾನು ಜನರ ನಡುವೆ ತೂಕ ಕೂಗಿ ಹೇಳುವುದನ್ನು ಬಿಟ್ಟಿದ್ದೇನೆ. ತಕ್ಕಡಿಯನ್ನು ಒಳಕೋಣೆಗೆ ಒಯ್ದು, ಒಬ್ಬೊಬ್ಬರನ್ನೇ ಕರೆಯುತ್ತೇನೆ. ಸಿಸ್ಟರ್‌ಗೂ ಅದು ಸರಿ ಅನಿಸಿತು.

ಅವಳು ಒಳಗೆ ಬಂದು ಕೂಸನ್ನು ಅಜ್ಜಿಯ ತೊಡೆ ಮೇಲೆ ಮಲಗಿಸಿ ತಾನೇ ಕುಂಚಿಗೆ ಬಿಚ್ಚಿದಳು. ಕಡಗ ತೆಗೆದಳು. ಉಡಿದಾರ ತೆಗೆಯುವಾಗ ಅಜ್ಜಿ ಸ್ವಲ್ಪ ಗೊಣಗಿದರು, ಆದರೂ ಕೈಯಲ್ಲಿ ಇಸಿದುಕೊಂಡರು. ಬರಿ ಮೈಯ ಕೂಸು ಕಾಲು ಬಡಿಯುತ್ತಿತ್ತು. ತೊಡೆಯಲ್ಲಿ ಈಗ ಒಂದು ಮಡಿಕೆ ಬಂದಿದೆ. ಅವಳು ಅದನ್ನು ಬೆರಳಿಂದ ಮುಟ್ಟಿ ನನಗೆ ತೋರಿಸಿದಳು. ಈ ಸಲ ಕಾಲು ಮುಚ್ಚಲಿಲ್ಲ.

ಕೂಸನ್ನು ಎತ್ತಿ ತಕ್ಕಡಿಯ ಹತ್ತಿರ ತಂದು, ಮಲಗಿಸುವ ಮೊದಲು ಬಗ್ಗಿ ನೋಡಿದಳು.

"ಸೊನ್ನಿ ಐತೇನ್ರಿ ಅಕ್ಕೋರ?"

"ಐತವಾ, ನೋಡು."

4 ಕೆಜಿ 750. ಕಾರ್ಡಿನ ಮೇಲೆ ಚುಕ್ಕಿಯನ್ನು ಅವಳ ಕೈಯಿಂದಲೇ ಇಡಿಸಿದೆ.